ಬಣ್ಣದ ಕೆಳಗಿನ ಕುಂಕುಮ

ಎಣ್ಣೆ ಟಾಕಿಯ ಮುಚ್ಚಳ ತೆಗೆದಾಗ ಮೊದಲು ಕಂಡದ್ದು ಒಂದು ಚಪ್ಪಲಿ. ಸೂರ್ಯಕಾಂತಿ ಎಣ್ಣೆಯ ಮೇಲೆ ಅದು ಅಂಗಾತ ತೇಲುತ್ತಿತ್ತು. ಅದರ ಕೆಳಗೆ ಶಿವಯೋಗಿ ಇದ್ದ.

ಅಡರಕಟ್ಟಿ ದಾರಿಯ ಆ ಎಣ್ಣೆ ಗಿರಣಿಯಲ್ಲಿ ಅವನು ಅಕೌಂಟಂಟ್. ಹಿಂದಿನ ದಿನ ಬಾದಾಮಿ ಅಮಾವಾಸ್ಯೆ. ಯಂತ್ರಗಳಿಗೆ ಪೂಜೆಯಾಗಿ, ಕಾಯಿ ಒಡೆದು, ಮಧ್ಯಾಹ್ನಕ್ಕೇ ಗಿರಣಿ ಮುಚ್ಚಿತ್ತು. ಬೆಳಿಗ್ಗೆ ಎಣ್ಣೆ ತೆಗೆಯಲು ಬಂದವರಿಗೆ ಸಿಕ್ಕಿದ್ದು ಹೆಣ.

ಲಕ್ಷ್ಮೇಶ್ವರ ಠಾಣೆಯ ಪಿಎಸ್‌ಐ ಸಬೀನಾ ಬರುವಷ್ಟರಲ್ಲಿ ಅವನನ್ನು ಮೇಲೆತ್ತಿ ಗೋಣಿತಟ್ಟಿನ ಮೇಲೆ ಮಲಗಿಸಿದ್ದರು. ಹೆಣ ಬಿಸಿಲಿಗೆ ಹೊಳೆಯುತ್ತಿತ್ತು. ಹೆಡ್ ಕಾನ್‌ಸ್ಟೆಬಲ್ ದ್ಯಾಮಪ್ಪ ಟೊಪ್ಪಿಗೆ ತೆಗೆದು ಆಚೆ ನೋಡುತ್ತ ನಿಂತ.

ಗಿರಣಿಯ ಮಾಲೀಕ ಸೋಮೇಶ ಗೋಡೆಗೆ ಆತು ನಿಂತಿದ್ದ. ಮುಖ ಬಿಳುಚಿಕೊಂಡಿತ್ತು.

"ಮೊನ್ನೆ ನಾನ ಬೈದಿದ್ನಿರಿ ಮೇಡಂ. ವರ್ಷದ ಲೆಕ್ಕದ ಕರಡು ತಂದಿದ್ದ. ತೆರಿಗಿ ಎಲ್ಲಿಂದೆಲ್ಲಿಗೋ ಏರಿಸಿದ್ದ. ಲಾಭ ನೆಲಾ ಕಂಡಿತ್ತು. ಏಪ್ರಿಲಿನಿಂದ ಹೊಸಾ ಆದಾಯ ತೆರಿಗಿ ಕಾಯ್ದೆ ಬಂತಲ್ರಿ, ಕಲಮಿನ ನಂಬರ ಎಲ್ಲಾ ಬದಲು. ಅದರಾಗ ಗೊಂದಲಾಗಿ ತಪ್ಪು ಮಾಡ್ಯಾನ. ಮರ್ಯಾದಿಗೆ ಅಂಜಿ..." ಮಾತು ಮುಗಿಸದೆ ಟಾಕಿಯ ಕಡೆ ನೋಡಿದ.

"ಇಷ್ಟಕ್ಕ ಸಾಯತಾರೇನ್ರಿ?" ಎಂದಳು ಸಬೀನಾ.

"ಸೂಕ್ಷ್ಮ ಮನಸಿನಂವ ರೀ," ಎಂದ ಪಕ್ಕದಲ್ಲಿದ್ದ ವೀರು. ಸೋಮೇಶನ ಹೆಂಡತಿಯ ತಮ್ಮ. ಗಿರಣಿಯ ಯಂತ್ರ, ಖರೀದಿ ಎಲ್ಲ ಅವನ ಕೈಯಲ್ಲಿ. "ನಾ ನಿನ್ನಿ ಪೂಜಿಗೂ ಇದ್ದಿಲ್ಲ. ಮುಂಜಾನೆ ಎದ್ದು ಮುಂಡರಗಿಗೆ ಹೋಗಿದ್ನಿ. ಈಗ ಖಬರ ಕೇಳಿ ಓಡಿ ಬಂದೆ." ಹೇಳುತ್ತಲೇ ನೀರಿನ ಬಾಟಲಿ ಚಾಚಿದ. ಅವನ ಉಂಗುರ ಬೆರಳಿನ ಉಗುರಂಚು ಕೆಂಪಾಗಿತ್ತು.

ಸಬೀನಾ ಹೆಣದ ಬಳಿ ಕುಳಿತಳು. ಕಿವಿಯ ಹಿಂದೆ ಗಾಯ. ಬಲಗೈ ಮುಷ್ಟಿ ಬಿಗಿದಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒಳಗೆ ಬಣ್ಣದ ಒಂದು ಹೊಪ್ಪಳಿಕೆ, ಒಣಗಿದ ಗಾಯದ ಹಕ್ಕಳೆಯಷ್ಟು ದಪ್ಪ. ಒಂದು ಮೈ ನೀಲಿ, ಇನ್ನೊಂದು ಮೈ ಕೆಂಪು.

"ನೀಲಿ ಮಶೀನಿನ ಬಣ್ಣ ಮೇಡಂ, ಕೆಂಪು ಪೂಜಿ ಕುಂಕುಮ," ಎಂದ ದ್ಯಾಮಪ್ಪ. "ಅದರಾಗೇನೈತಿ?"

ಅವಳು ಅದನ್ನು ಕಾಗದದಲ್ಲಿ ಮಡಚಿ ಇಟ್ಟುಕೊಂಡಳು.

ಟಾಕಿಯ ಏಣಿಯ ಬುಡದಲ್ಲಿ ಒಂದು ಉಳಿ ಬಿದ್ದಿತ್ತು. ಹಿಡಿಗೆ ಹಸಿರು ಟೇಪು ಸುತ್ತಿತ್ತು. ಫಿಟ್ಟರ್ ನವಾಜನದು ಎಂದು ನಾಲ್ಕಾರು ಜನ ಒಮ್ಮೆಲೇ ಹೇಳಿದರು. ನಿನ್ನೆ ಪೂಜೆ ಮುಗಿದ ಮೇಲೆ ಶಿವಯೋಗಿಗೂ ನವಾಜನಿಗೂ ಜೋರು ಜಗಳ ನಡೆದದ್ದನ್ನೂ ಹೇಳಿದರು.

*

ನವಾಜ ಠಾಣೆಯ ಬೆಂಚಿನ ತುದಿಯಲ್ಲಿ ಕುಳಿತಿದ್ದ.

"ಉಳಿ ನಿಂದ?"

"ನಂದರಿ."

"ಜಗಳಾ ಯಾಕ?"

"ಜಗಳಲ್ರಿ ಮೇಡಂ. ಎಣ್ಣಿ ಹಿಂಡೋ ಮೂರನೇ ಮಶೀನು, ಆ ಎಕ್ಸ್‌ಪೆಲ್ಲರಿನ ಹಣಿ ಮ್ಯಾಲೆ, ಪೂಜಿ ಮಾಡೋ ಜಾಗಾದಾಗ, ಪೇಂಟು ಉಬ್ಬಿತ್ತು. ಅಲ್ಲಿ ಸ್ವಲ್ಪ ಕೆರಿ ಅಂದ್ರು ಶಿವಯೋಗಿ ಸಾಹೇಬ್ರು."

"ಕೆರೀಬೇಕಿತ್ತು."

ನವಾಜ ತಲೆ ಎತ್ತಿದ. "ಆಗ ತಾನ ಪೂಜಿ ಆಗಿತ್ರಿ. ಹಸಿ ಕುಂಕುಮ ಇತ್ತು. ನಾ ಅದರ ಮ್ಯಾಲೆ ಉಳಿ ಹಿಡದ್ರ ನಾಳೆ ಊರಾಗ ಏನಂತಾರ್ರಿ? ನಿಮಗ ನಾ ಬಿಡಿಸಿ ಹೇಳಬೇಕಾ? ಜೋರಾಗಿ ಒದರಾಡಿದೆ, ಖರೆ. ಉಳಿ ಕೊಟ್ಟು, ನೀವ ಕೆರಕೊರ್ರಿ ಅಂತ ಮನಿಗೆ ಬಂದೆ."

ಸಬೀನಾ ಕಡತ ಮುಚ್ಚಿದಳು. ಅವನು ಹೇಳಿದ ಭಯ ಅವಳಿಗೆ ಹೊಸದಲ್ಲ.

"ಹೊರಗ ಚಹಾ ಕೊಡಸು ಇಂವಗ," ಎಂದಳು ದ್ಯಾಮಪ್ಪನಿಗೆ.

"ಒಳಗ ಹಾಕೂದಲ್ಲರಿ?"

"ಚಹಾ ಅಂದೆ."

*

ಶಿರಹಟ್ಟಿಯ ಮನೆಯಲ್ಲಿ ಶಿವಯೋಗಿಯ ಹೆಂಡತಿ ಸ್ನೇಹಾ ಅಳುತ್ತಿರಲಿಲ್ಲ. ಹುಲಕೋಟಿಯ ಕಾಲೇಜೊಂದರಲ್ಲಿ ಅವಳು ವಾಣಿಜ್ಯ ಕಲಿಸುತ್ತಿದ್ದಳು. ಒಳಗೆ ಪುಟ್ಟ ಮಗಳನ್ನು ಯಾರೋ ಸಮಾಧಾನ ಮಾಡುತ್ತಿದ್ದರು.

"ತಪ್ಪು ಲೆಕ್ಕಾ ಬರದು, ನಾಚಿ ಸತ್ತ ಅಂತ ಈಗಾಗಲೇ ಓಣ್ಯಾಗೆಲ್ಲ ಮಾತು ನಡದಾವ್ರಿ," ಎಂದಳು. "ನನ್ನ ಮಗಳು ಇದನ್ನ ಕೇಳಕೋತ ಬೆಳೀಬೇಕೇನ್ರಿ? ನನಗ ಬ್ಯಾರೆ ಏನೂ ಬ್ಯಾಡ. ಆ ಕರಡು ತೋರಸ್ರಿ."

ಸಬೀನಾ ಗಿರಣಿಯಿಂದ ತಂದಿದ್ದ ಜೆರಾಕ್ಸ್ ಹಾಳೆಗಳನ್ನು ಮುಂದಿಟ್ಟಳು. ಸ್ನೇಹಾ ಬಹಳ ಹೊತ್ತು ನೋಡಿದಳು. ಕಣ್ಣು ಈಗ ತುಂಬಿದವು.

"ಇದು ತಪ್ಪಲ್ಲ."

"ಹೆಂಗ?"

"ಹೊಸದಾಗಿ ಹುಟ್ಟಿದ ತಯಾರಿಕಾ ಕಂಪನಿಗೆ ಶೇಕಡಾ ಹದಿನೈದು ತೆರಿಗಿ ಅಂತ ಒಂದು ರಿಯಾಯತಿ ಕೊಟ್ಟಿದ್ರು. ಎರಡು ಸಾವಿರದ ಇಪ್ಪತ್ನಾಲ್ಕರ ಮಾರ್ಚ್ ಮುಗಿಯೋದ್ರೊಳಗ ಉತ್ಪಾದನಿ ಶುರು ಆಗಿರಬೇಕಿತ್ತು. ಗಿರಣಿಯವರು ಕಡೀ ಗಳಿಗ್ಯಾಗ ಶುರು ಮಾಡಿ ಅದನ್ನ ತಗೊಂಡ್ರು. ಹೊಸಾ ಕಾಯ್ದ್ಯಾಗ ಕಲಮಿನ ನಂಬರ ಬದಲಾಗೈತಿ, ದರಾ ಬದಲಾಗಿಲ್ಲ. ಹದಿನೈದು ಹದಿನೈದ ಐತಿ. ನಮ್ಮವರು ಅದರ ಬದಲು ಉಳಿದ ಕಂಪನಿಗಳ ದರಾ ಇಪ್ಪತ್ತೆರಡು ಹಿಡದಾರ."

"ಗೊಂದಲಾ ಆಗಿರಬಹುದಲ್ಲ?"

"ಗೊಂದಲಾದಾಂವ ಒಂದ ಕಡೆ ತಪ್ಪತಾನ್ರಿ. ಇಲ್ಲಿ ನೋಡ್ರಿ, ಹಿಂದಿನ ವರ್ಷಗಳ ಕಡಿಮಿ ಬಿದ್ದ ತೆರಿಗಿ ತಗದಾರ, ಅದಕ್ಕ ಬಡ್ಡಿ ತಗದಾರ. ಡಿಫರ್ಡ್ ಟ್ಯಾಕ್ಸ್ ಕೂಡ ತಿದ್ದ್ಯಾರ."

ದ್ಯಾಮಪ್ಪ ಗಂಟಲು ಸರಿಪಡಿಸಿಕೊಂಡ. "ಅವ್ವಾರ, ನನ್ನ ಪಗಾರದಾಗ ಹಿಡಿಯೋ ತೆರಿಗಿನ ನನಗ ತಿಳಿದಿಲ್ಲ. ಸ್ವಲ್ಪ ಸಾವಕಾಶ."

ಸ್ನೇಹಾ ಪಾಠ ಹೇಳುವ ಧ್ವನಿಗೆ ಇಳಿದಳು. "ಮಶೀನಿನ ಸವಕಳಿ ತೆರಿಗಿ ಲೆಕ್ಕದಾಗ ಜಲ್ದಿ ಕಳೀತಾರ, ಕಂಪನಿ ಪುಸ್ತಕದಾಗ ಸಾವಕಾಶ. ಹಿಂಗಾಗಿ ಇವತ್ತು ತೆರಿಗಿ ಕಡಿಮಿ, ಮುಂದ ಹೆಚ್ಚು. ಆ ಮುಂದಿನ ಭಾರಾನ ಇವತ್ತಿನ ಪುಸ್ತಕದಾಗ ತೋರಸಬೇಕು. ಅದನ್ನ ಅಳೆಯೋದು ಮುಂದ ಬರೋ ದರದ ಮ್ಯಾಲೆ. ದರಾ ಬದಲಾದ್ರ ಆ ಭಾರಾನೂ ಬದಲು. ಅವರು ಅಲ್ಲೂ ಇಪ್ಪತ್ತೆರಡ ಹಿಡದಾರ. ಅಂದ್ರ ರಿಯಾಯತಿ ಮೊದಲ ದಿನದಿಂದ ಈ ಕಂಪನಿದು ಅಲ್ಲವೇ ಅಲ್ಲ ಅಂತ ಅವರಿಗೆ ಗೊತ್ತಾಗಿತ್ತು."

"ರಿಯಾಯತಿ ಯಾಕ ಹೋಗತೈತಿ?"

"ಕಾರಣಾ ಹಲವಾರು ಇರತಾವು. ದೊಡ್ಡದು ಒಂದು. ಮಶೀನು ಹೊಸಾವ ಇರಬೇಕು. ಯಾರೋ ಬಳಸಿದ್ದು ಇದ್ರ ಒಟ್ಟು ಬೆಲಿಯಾಗ ಐದರಾಗ ಒಂದು ಪಾಲು ಮೀರಬಾರದು."

ಸಬೀನಾ ಕಿಸೆಯಲ್ಲಿದ್ದ ಕಾಗದದ ಮಡಿಕೆಯನ್ನು ಮುಟ್ಟಿಕೊಂಡಳು.

*

ಅವಳು ಬಿ.ಎಸ್ಸಿ. ಓದಿದ್ದು ರಸಾಯನಶಾಸ್ತ್ರ. ಪೊಲೀಸು ಕೆಲಸದಲ್ಲಿ ಅದು ದಿನಾಲೂ ಕೆಲಸಕ್ಕೆ ಬರುವುದಿಲ್ಲ. ಆದರೆ ಒಂದು ಅಭ್ಯಾಸ ಉಳಿದಿತ್ತು: ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಿಕೊಳ್ಳುವುದು.

ಠಾಣೆಯ ಕಿಟಕಿಯ ಬೆಳಕಿನಲ್ಲಿ ಹೊಪ್ಪಳಿಕೆಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಳು. ಮೇಲೆ ತೆಳುವಾದ ನೀಲಿ. ಅದರ ಕೆಳಗೆ ಕೆಂಪು. ಕೆಂಪಿನ ಕೆಳಗೆ ಬೂದು. ಮತ್ತೆ ಕೆಂಪು, ಮತ್ತೆ ಬೂದು, ತಳದಲ್ಲಿ ಕೆಂಪು. ಕುಂಕುಮ, ವಿಭೂತಿ, ಕುಂಕುಮ, ವಿಭೂತಿ, ಕುಂಕುಮ. ಎಷ್ಟೋ ಅಮಾವಾಸ್ಯೆಗಳು ಒಂದರ ಮೇಲೊಂದು ಕುಳಿತಿದ್ದವು.

"ದ್ಯಾಮಪ್ಪ, ಹೊಸಾ ಮಶೀನಿಗೆ ಬಣ್ಣ ಎಲ್ಲಿ ಹೊಡೀತಾರ?"

"ಕಾರ್ಖಾನ್ಯಾಗ ರೀ."

"ಪೂಜಿ?"

"ಇಲ್ಲಿಗೆ ಬಂದ ಮ್ಯಾಲೆ."

"ಹಂಗಾದ್ರ ಕುಂಕುಮ ಬಣ್ಣದ ಮ್ಯಾಲೆ ಇರಬೇಕು. ಇದು ಕೆಳಗ ಹೆಂಗ ಹೋತು?"

ದ್ಯಾಮಪ್ಪ ಬಗ್ಗಿ ಭೂತಗನ್ನಡಿಯಲ್ಲಿ ಇಣುಕಿದ.

ಅಷ್ಟರಲ್ಲಿ ಗದಗಿನಿಂದ ಡಾಕ್ಟರ ಫೋನು ಬಂತು. ಶ್ವಾಸಕೋಶದಲ್ಲಿ ಎಣ್ಣೆ ಇರಲಿಲ್ಲ. ಟಾಕಿಗೆ ಬೀಳುವ ಮೊದಲೇ ಶಿವಯೋಗಿ ಸತ್ತಿದ್ದ.

*

ಗಿರಣಿಯ ಎಕ್ಸ್‌ಪೆಲ್ಲರುಗಳು ಸಾಲಾಗಿ ನಿಂತಿದ್ದವು. ನೀಲಿ ಮೈ, ಹೊಳೆಯುವ ಕಂಪನಿ ಫಲಕ, ಹಣೆಯ ಮೇಲೆ ವಿಭೂತಿ, ಕುಂಕುಮ. ಸಬೀನಾ ಒದ್ದೆ ಅರಿವೆಯಿಂದ ಮೊದಲನೆಯದರ ಅಂಚನ್ನು ಒತ್ತಿದಳು. ಕುಂಕುಮ ಕರಗಿ ಬಂತು. ಎರಡನೆಯದೂ ಹಾಗೇ. ಮೂರನೆಯದು ಕದಲಲಿಲ್ಲ.

ಸೋಮೇಶನ ತಾಯಿ ರೇಣುಕವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಯವ್ವಾ, ಪೂಜಿ ಯಾರು ಮಾಡಿದ್ರಿ?"

"ನಾನ ತಂಗಿ. ಬ್ಯಾರೆಯವರ ಕಡೆ ಮಾಡಸಂಗಿಲ್ಲ."

"ಇದನ್ನೂ?"

ಮುದುಕಿ ಹತ್ತಿರ ಬಂದು ಬಗ್ಗಿ ನೋಡಿದಳು. "ಇದು ನಾ ಹಚ್ಚಿದ್ದಲ್ಲ ಬಿಡು. ಎಣ್ಯಾಗ ಕಲಸ್ಯಾರ. ನಾ ನೀರಾಗ ಕಲಸಾಕಿ. ಎಣ್ಯಾಗ ಕಲಸೋದು ನಮ್ಮ ಬೀಗರ ಪದ್ಧತಿ. ವೀರೂನ ಅಪ್ಪಂದು ಬೆಟಗೇರ್ಯಾಗ ಗಿರಣಿ ಇತ್ತಲ್ಲ, ಅಲ್ಲಿ ಹಂಗ ಹಚ್ಚತಿದ್ರು. ಉದುರಬಾರದು ಅಂತ."

"ಆ ಗಿರಣಿ ಈಗ?"

"ಮುಚ್ಚೇತಿ. ಮಶೀನು ಗುಜರಿಗೆ ಹಾಕಿದ್ವಿ ಅಂತ ವೀರು ಹೇಳಿದ್ದ."

*

ಸಂಜೆ ಎಲ್ಲರೂ ಮೂರನೇ ಯಂತ್ರದ ಮುಂದೆ ನಿಂತರು. ಸೋಮೇಶ, ರೇಣುಕವ್ವ, ವೀರು. ಸ್ನೇಹಾಳೂ ಬಂದಿದ್ದಳು.

ಸಬೀನಾ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಕುಂಕುಮ ಒರೆಸಿದಳು. ಈಗ ಅದು ಸಲೀಸಾಗಿ ಬಂತು. ಕೆಳಗೆ ಬಣ್ಣ ಎದ್ದುಹೋದ ಹಸಿ ಗಾಯ. ಹೊಪ್ಪಳಿಕೆಯನ್ನು ಚಿಮಟಿಗೆಯಲ್ಲಿ ಹಿಡಿದು ಅಲ್ಲಿಟ್ಟಳು. ಅಂಚಿಗೆ ಅಂಚು ಕೂಡಿತು.

"ಸೋಮೇಶ, ನೀವು ಹೊಸಾ ಮಶೀನಿಗೆ ರೊಕ್ಕಾ ಕೊಟ್ರಿ. ಬಂದದ್ದು ಬೆಟಗೇರಿ ಗಿರಣಿಯ ಹಳೇವು. ನಂಬರ ಉಜ್ಜಿ, ಫಲಕ ಬದಲಿಸಿ, ಬಣ್ಣ ಬಡದು, ಸುಳ್ಳು ಬಿಲ್ಲು ಹಚ್ಚಿದ್ರು. ನಿಮಗೂ ಮೋಸ, ಸರಕಾರಕ್ಕೂ ಮೋಸ."

ಸೋಮೇಶ ಮೈದುನನ ಕಡೆ ತಿರುಗಿದ. "ಲೇ ವೀರು?"

"ಯಾರೋ ಸುಳ್ಳ ಹೇಳತಾರ ಮಾಂವಾ. ನಾ ನಿನ್ನಿ ಊರಾಗ ಇದ್ದಿಲ್ಲ."

"ಇದ್ದಿಲ್ಲಂದ್ರ ಆ ಕುಂಕುಮ ಎಲ್ಲಿದು?" ಸಬೀನಾ ಅವನ ಕೈ ಹಿಡಿದೆತ್ತಿದಳು. ಉಗುರಂಚಿನ ಕೆಂಪು ಇನ್ನೂ ಇತ್ತು. "ಪೂಜಿ ಮಾಡಿದಾಕಿ ರೇಣುಕವ್ವ. ನೀರಾಗ ಕಲಸಿದ್ದಾಗಿದ್ರ ಕೈ ತೊಳದಾಗ ಹೋಗತಿತ್ತು. ನೀವು ಗಾಯಾ ಮುಚ್ಚಾಕ ನಿಮ್ಮ ಮನಿ ರೂಢಿಯಂಗ ಎಣ್ಯಾಗ ಕಲಸಿದ್ರಿ. ಶಿವಯೋಗಿ ಮೊದಲು ನಿಮಗ ಹೇಳಿದ್ರು, ಹೌದಲ್ಲ?"

ವೀರು ಕೈ ಎಳೆದುಕೊಂಡ.

"ದೋಸ್ತ ಅಂತ ನನ್ನ ಕರದ. ತಪ್ಪು ಒಪ್ಪಿ, ತಿದ್ದಿದ ರಿಟರ್ನು ಹಾಕೂಣು, ಮಾಂವಗ ನೀನ ಹೇಳು, ಇಲ್ಲಾಂದ್ರ ನಾಳೆ ನಾ ಹೇಳತೇನಿ ಅಂದ. ಬರ ಬರ ಕೆರಕೋತ ನಿಂತಿದ್ದ, ನಮ್ಮಪ್ಪ ಕೈ ಮುಗದ ಜಾಗಾನ. ನನ್ನ ಕೈಯಾಗ ನಟ್ಟು ಬಿಚ್ಚೋ ಪಾನಾ ಇತ್ತು..."

"ಎಲ್ಲಾ ಉಜ್ಜಿದಾಂವ ಈ ಜಾಗಾ ಯಾಕ ಬಿಟ್ಟಿ?" ದ್ಯಾಮಪ್ಪ ಕೇಳಿಯೇ ಬಿಟ್ಟ. "ಅದೊಂದು ಕೆರದು ಬಣ್ಣ ಹಚ್ಚಿದ್ರ ಯಾರಿಗೂ ತಿಳೀತಿದ್ದಿಲ್ಲ."

ವೀರು ಬೆರಗಾದವನಂತೆ ಅವನನ್ನು ನೋಡಿದ. "ದೇವರ ಮ್ಯಾಲೆ ಗ್ರೈಂಡರ್ ಹೆಂಗ ಹಿಡೀಲ್ರಿ?"

ರೇಣುಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು. ದ್ಯಾಮಪ್ಪ ಬೇಡಿ ತೆಗೆದ.

ಜೀಪು ಹೊರಡುವಾಗ ಸೋಮೇಶ ಕರಡಿನ ಹಾಳೆಗಳನ್ನು ಹಿಡಿದು ಸ್ನೇಹಾಳ ಮುಂದೆ ನಿಂತಿದ್ದ.

"ತಂಗೀ, ಮೊನ್ನೆ ಇದನ್ನ ಅಂವನ ಮಾರಿಮ್ಯಾಲೆ ಒಗದಿದ್ನಿ. ಈಗ ಏನ್ ಮಾಡ್ಲಿ?"

"ಬರದ್ಹಂಗ ಇಡ್ರಿ," ಎಂದಳು ಸ್ನೇಹಾ. "ಒಂದಂಕಿ ತಿದ್ದಬ್ಯಾಡ್ರಿ. ಮಗಳು ದೊಡ್ಡಾಕಿ ಆದ ಮ್ಯಾಲೆ ಆಕಿಗೆ ಇದನ್ನ ತೋರಸೂದೈತಿ."