ಬಾಯಿ ಕಟ್ಟಿದ ಕೀಲಿಗೊಂಚಲು

ಆ ಹೆಂಗಸು ಬಂದಾಗ ಇನ್‌ಸ್ಪೆಕ್ಟ್ರಮ್ಮ ಕಿಟಕಿಯ ಬಳಿ ಕೂತು ದಿಂಬಿನ ಗವುಸಿಗೆ ಗುಂಡಿ ಹೊಲಿಯುತ್ತಿದ್ದರು. ಕುರ್ಚಿ ತೋರಿಸಿದರೂ ಬಂದವರು ಕೂರಲಿಲ್ಲ. ಚೀಲದಿಂದ ಒಂದು ಕೀಲಿಗೊಂಚಲು ತೆಗೆದು ಮೇಜಿನ ಮೇಲೆ ಹಾಕಿದರು. ಅಷ್ಟು ಕಬ್ಬಿಣ ಮರದ ಮೇಲೆ ಬಿದ್ದರೂ ಝಣ್ ಎನ್ನಲಿಲ್ಲ.

"ನೋಡಿ ಅಮ್ಮಾ, ಇದು ನನ್ನ ಗಂಡನದು. ಇದರ ಬಾಯಿ ಕಟ್ಟಿದ್ದಾರೆ."

ಹೊರಗೆ ಚಾಚಿದ್ದ ಒಂದು ಕೀಲಿ ಬಿಟ್ಟು ಉಳಿದವನ್ನೆಲ್ಲ ಒಟ್ಟು ಹಿಡಿದು ಕರಿ ಟೇಪು ಬಿಗಿಯಾಗಿ ಸುತ್ತಿತ್ತು. ನಾನು ಬಿಚ್ಚಲು ಕೈ ಚಾಚಿದೆ. ಇನ್‌ಸ್ಪೆಕ್ಟ್ರಮ್ಮ ಸೂಜಿ ಹಿಡಿದ ಕೈಯಿಂದಲೇ ನನ್ನ ಬೆರಳಿಗೆ ತಟ್ಟಿದರು.

"ಮುಟ್ಟಬೇಡ. ಟೇಪಿನ ತುದಿ ನೋಡು ಮೊದಲು."

ತುದಿ ತ್ರಿಕೋನವಾಗಿ, ಸಣ್ಣ ಕಿವಿಯಂತೆ ಮಡಚಿತ್ತು. ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಸಾಮಾನ್ಯವಾಗಿ ನನಗೆ ಕಾಣುವುದೂ ಇಲ್ಲ. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ, ಓದಿದ್ದು ಸಂಜೆ ಕಾಲೇಜಿನಲ್ಲಿ, ವಾಸ ಇವರ ಮನೆಯ ಮಹಡಿ ಕೋಣೆಯಲ್ಲಿ. ಜನ ಇವರ ಬಳಿ ತರುವ ಕೇಸುಗಳನ್ನು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದದ್ದು ಹಾಗೆ. ಇವರಾದರೋ ಪೊಲೀಸ್ ಇಲಾಖೆಯಲ್ಲಿ ಒಂದು ಲಾಕಪ್ಪಿನ ಸಾವಿನ ಕಡತವನ್ನು ಮುಚ್ಚಲು ಒಪ್ಪದೆ ಕೆಲಸ ಕಳೆದುಕೊಂಡವರು. ಇಲಾಖೆ ಹುದ್ದೆ ಕಿತ್ತುಕೊಂಡರೂ ಬೀದಿಯವರು ಮಾತ್ರ ಇನ್ನೂ ಇನ್‌ಸ್ಪೆಕ್ಟ್ರಮ್ಮ ಎಂದೇ ಕರೆಯುತ್ತಿದ್ದರು.

ಬಂದಾಕೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವರು. ಗಂಡ ದುಭಾಷಿ. ಊರೆಲ್ಲ ಹೊಗಳುವ ವಿಶೇಷ ದಳದ ಜೊತೆ ಗಡಿಯ ಗುಡ್ಡಗಳಿಗೆ ಹೋಗಿ, ಅಲ್ಲಿಯವರ ಮಾತನ್ನು ಇವರಿಗೆ, ಇವರ ಮಾತನ್ನು ಅಲ್ಲಿಯವರಿಗೆ ದಾಟಿಸುತ್ತಿದ್ದವರು. ಒಂದು ದಾಳಿಯಲ್ಲಿ ದಳದವರು ಕೈ ಕಟ್ಟಿ ಕೂರಿಸಿದ್ದ ಮೂವರನ್ನು ಗುಂಡಿಟ್ಟು ಕೊಂದು, ಪಕ್ಕದಲ್ಲಿ ಬಂದೂಕು ಇಟ್ಟು, ಗುಂಡಿನ ಚಕಮಕಿಯಲ್ಲಿ ಸತ್ತರು ಎಂದು ವರದಿ ಕೊಟ್ಟಿದ್ದರು. ದಳದ ಹೊರಗಿನ ಸಾಕ್ಷಿ ದುಭಾಷಿ ಒಬ್ಬರೇ. ವಿಚಾರಣಾ ಆಯೋಗದ ಮುಂದೆ ಹೇಳುತ್ತೇನೆ ಎಂದು ಒಪ್ಪಿಕೊಂಡಿದ್ದರು. ಅಷ್ಟರಲ್ಲಿ, ತಾವು ಬಾಡಿಗೆಗಿದ್ದ ಕಟ್ಟಡದ ಕೆಳಗಿನ ಸಾಮಾನು ಕೋಣೆಯಲ್ಲಿ ನೇಣಿನಲ್ಲಿ ಸಿಕ್ಕರು.

"ಆತ್ಮಹತ್ಯೆ ಅಂತ ಬರೆದು ಕೈ ತೊಳ್ಕೊಂಡ್ರು ಸ್ಟೇಷನ್ನಿನವರು. ತಲೆ ಕೆಟ್ಟಿತ್ತಂತೆ ಅವರಿಗೆ. ತಲೆ ಕೆಟ್ಟೋನ ಸಾಕ್ಷಿಗೆ ಬೆಲೆ ಇಲ್ಲವಂತೆ. ವಿಚಾರಣೆ ಈ ವಾರವೇ ಮುಗಿಸ್ತಾರಂತೆ." ಆಕೆಯ ದನಿ ಎಲ್ಲೂ ಒಡೆಯಲಿಲ್ಲ. "ನನ್ನ ಗಂಡ ಸತ್ತದ್ದಕ್ಕೆ ಅಳೋದು ಆಮೇಲೆ ಇದೆ. ಅವರು ಹೇಳಬೇಕು ಅಂದ ಮಾತು ಸಾಯಬಾರದು."

ಇನ್‌ಸ್ಪೆಕ್ಟ್ರಮ್ಮ ದಾರ ಕಚ್ಚಿ ಕತ್ತರಿಸಿದರು. "ಸಾಯಲ್ಲ. ಮನೆ ತೋರಿಸಿ ನಡೀರಿ."

ಕಟ್ಟಡದ ಒಡತಿ ನನಗೆ ಪರಿಚಯದ ಅಜ್ಜಿ. ಅವರಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆದಿದ್ದರು. ಸಾವಿನ ದಿನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮೆಟ್ಟಿಲ ಬುಡದಲ್ಲೇ ಕುರ್ಚಿ ಹಾಕಿ ಕೂತಿದ್ದರಂತೆ.

"ಕಣ್ಣಿಗೆ ತಾನೇ ಪಟ್ಟಿ, ಕಿವಿಗಲ್ಲವಲ್ಲ," ಎಂದರು ಅಜ್ಜಿ. "ಬೆಳಿಗ್ಗೆ ಆ ದುಭಾಷಿ ಹುಡುಗ ಬ್ರೆಡ್ ತಂದ. ಬೀಗದ ಕೈ ಬೆರಳಿಗೆ ಹಾಕ್ಕೊಂಡು ಗಿರಗಿರ ತಿರುಗಿಸ್ಕೊಂಡೇ ಬರ್ತಾನೆ, ಝಣಝಣ ಅಂತ. 'ಅಜ್ಜೀ, ಬಂದದ್ದು ಯಾರು ಹೇಳಿ?' ಅಂದ. 'ಗಂಟೆ ಕಟ್ಟಿದ ಹಸು' ಅಂದೆ. ನಕ್ಕ."

"ಆಮೇಲೆ?"

"ಮಧ್ಯಾಹ್ನ ದಳದ ಮೂರು ಜನ ಬಂದ್ರು. ಹತ್ತಿದ್ರು, ಮಾತಾಡಿದ್ರು, ಇಳಿದ್ರು. ಮೂರು ಜೊತೆ ಬೂಟು. ಅವರು ಹೋದ ಮೇಲೂ ಅವನು ಮೇಲೆ ಕೆಮ್ಮಿದ್ದು ಕೇಳಿಸ್ತು. ಮತ್ತೆ ಯಾರೂ ಬಂದ ಸದ್ದಿಲ್ಲ. ಅವನು ಇಳಿದ ಸದ್ದೂ ಇಲ್ಲ. ಒಂದೇ ಒಂದು ಸಲ, ತಿರುವಿನ ಮೆಟ್ಟಿಲು ಕಿರ್ರ್ ಅಂತು. ಇದನ್ನ ಹೇಳಿದ್ರೆ ಆ ಠಾಣಾಧಿಕಾರಿ ನಕ್ಕುಬಿಟ್ಟ."

"ನಗೋ ಅಂಥದ್ದೇನಿದೆ?"

"ಆ ಮೆಟ್ಟಿಲು ಒಬ್ಬರಿಗೆಲ್ಲ ಬಾಯಿ ಬಿಡಲ್ಲಮ್ಮ. ಗ್ಯಾಸ್ ಸಿಲಿಂಡರ್ ಹೊತ್ತು ತಂದಾಗ ಮಾತ್ರ ಗೊಣಗುತ್ತೆ. ಅವತ್ತು ಸಿಲಿಂಡರ್ ಬಂದಿರ್ಲಿಲ್ಲ."

ಇನ್‌ಸ್ಪೆಕ್ಟ್ರಮ್ಮ ಮೇಲೆ ಹೋಗಿ ದುಭಾಷಿಯ ಕೋಣೆಯ ಚಾವಣಿಯನ್ನು ನೋಡಿದರು. ನುಣುಪಾದ ಗಾರೆ, ಒಂದು ಕೊಕ್ಕೆಯೂ ಇಲ್ಲ. ಕೆಳಗೆ ಸಾಮಾನು ಕೋಣೆಯಲ್ಲಿ ಮಾತ್ರ ಅಡ್ಡತೊಲೆ. ಅದರ ಬಾಗಿಲಿನ ಕೀಲಿ ಅದೇ ಗೊಂಚಲಿನಲ್ಲಿತ್ತು. ಗೊಂಚಲನ್ನು ಹೆಂಡತಿಗೆ ಕೊಡುವ ಮುಂಚೆ ಠಾಣೆಯವರು ತೆಗೆದ ಫೋಟೋದಲ್ಲಿ ಅದು ಶವದ ಸೊಂಟಕ್ಕೇ ಇತ್ತು, ಟೇಪೂ ಸ್ಪಷ್ಟವಾಗಿತ್ತು. ಹಗ್ಗದ ಗಂಟು ಬೆಟ್ಟ ಹತ್ತುವವರು ಹಾಕುವಂಥದ್ದು. ದಳದ ಜೊತೆ ತಿರುಗಿ ಕಲಿತಿರಬೇಕು ಎಂದು ಠಾಣಾಧಿಕಾರಿ ತೀರ್ಮಾನಿಸಿದ್ದ.

ಮರುದಿನ ಆಯೋಗದ ನ್ಯಾಯಾಧೀಶರ ಅನುಮತಿ ಹಿಡಿದು ದಳದ ಶಿಬಿರಕ್ಕೆ ಹೋದೆವು. ದಾರಿಯುದ್ದಕ್ಕೂ ಅಂಗಡಿ ಗೋಡೆಗಳ ಮೇಲೆ ಆ ದಳದ್ದೇ ಲಾಂಛನ. ನಾವು ಯಾರ ಮೇಲೆ ಕೈ ಎತ್ತಲು ಹೊರಟಿದ್ದೇವೆ ಎಂದು ಪ್ರತಿ ಗೋಡೆಯೂ ಕೇಳಿದಂತಾಗುತ್ತಿತ್ತು. ಬಾಗಿಲಲ್ಲಿ ಕಾವಲುಗಾರ ತಡಕಾಡುವಾಗ ನನ್ನ ಕನ್ನಡಕ ಬಿದ್ದು ಒಂದು ಕಡ್ಡಿ ಮುರಿಯಿತು.

ದುಭಾಷಿಯನ್ನು ಕಾಣಲು ಹೋಗಿದ್ದ ಮೂವರೂ ಹಗ್ಗಗಳ ಕೋಣೆಯಲ್ಲಿ ಸಿಕ್ಕರು. ಕ್ಯಾಪ್ಟನ್, ಮೃದು ಮಾತಿನ ಮನುಷ್ಯ. ಬಂಡೆ ಹತ್ತುವುದನ್ನು ಕಲಿಸುವ ಒರಟು ಯುವಕನಿಗೆ ದಳದಲ್ಲಿ 'ಹಗ್ಗ' ಎಂದು ಹೆಸರು. ಗಾಯಾಳುಗಳನ್ನು ನೋಡಿಕೊಳ್ಳುವವನಿಗೆ 'ಸೂಜಿ'. ಗೋಡೆಗೆ ನೇತಾಡುತ್ತಿದ್ದ ಹಗ್ಗಗಳಿಂದ ಹಿಡಿದು ನೀರಿನ ಬಾಟಲಿಯವರೆಗೆ, ಅಲ್ಲಾಡಬಹುದಾದ ಪ್ರತಿಯೊಂದಕ್ಕೂ ಕರಿ ಟೇಪು ಸುತ್ತಿತ್ತು.

"ಇದೇನಪ್ಪಾ, ಎಲ್ಲಕ್ಕೂ ಪಟ್ಟಿ ಕಟ್ಟಿದ್ದೀರಿ?" ಇನ್‌ಸ್ಪೆಕ್ಟ್ರಮ್ಮ ಏನೂ ಅರಿಯದವರಂತೆ ಕೇಳಿದರು.

"ಸದ್ದಾದ್ರೆ ಸಾವು," ಎಂದ ಹಗ್ಗ. "ಹೊರಡೋ ಮುಂಚೆ ಕುಣಿದು ನೋಡ್ತೀವಿ. ಟಣ್ ಅಂದದ್ದಕ್ಕೆಲ್ಲ ಟೇಪು. ತುದಿ ಮಡಚದಿದ್ರೆ ಕತ್ತಲಲ್ಲಿ ಬಿಚ್ಚೋಕಾಗಲ್ಲ. ಒಬ್ಬೊಬ್ಬರದ್ದು ಒಂದೊಂದು ಮಡಿಕೆ. ಯಾರ ಸಾಮಾನು ಅಂತ ಬೆರಳಿಗೇ ತಿಳೀಬೇಕಲ್ಲ. ನಂದು ನೇರ ಎರಡು ಮಡಿಕೆ. ಸೂಜೀದು ಸುರುಳಿ."

ಕ್ಯಾಪ್ಟನ್ ಅತ್ತ ಗಮನ ಕೊಡಲಿಲ್ಲ. ನಾನು ಕನ್ನಡಕವನ್ನು ಮೂಗಿನ ಮೇಲೆ ನಿಲ್ಲಿಸಲು ಪಡುತ್ತಿದ್ದ ಪಾಡು ನೋಡಿ ಅವನಿಗೆ ಕನಿಕರ ಬಂದಿತ್ತು. "ಕೊಡಿ ಇಲ್ಲಿ," ಎಂದು ಇಸಿದುಕೊಂಡು, ಇನ್‌ಸ್ಪೆಕ್ಟ್ರಮ್ಮನ ಜೊತೆ ಮಾತಾಡುತ್ತಲೇ, ಕೈಯ ಕಡೆ ನೋಡದೆ, ಕಡ್ಡಿಗೆ ಟೇಪು ಸುತ್ತಿಕೊಟ್ಟ.

"ಪಾಪ ದುಭಾಷಿ. ಯುದ್ಧ ಎಲ್ಲರ ಎದೆಗೂ ತಡೆಯಲ್ಲ ಮೇಡಂ. ಇಲ್ಲದ್ದೆಲ್ಲ ಕಲ್ಪಿಸ್ಕೊಂಡ. ಸಮಾಧಾನ ಹೇಳೋಣ ಅಂತಲೇ ನಾವು ಹೋಗಿದ್ದು."

"ವಾಪಸು ಬಂದದ್ದು?"

"ಜೊತೆಯಾಗೇ ಬಂದ್ವಿ. ಸಂಜೆವರೆಗೂ ಮೂವರೂ ಇಲ್ಲೇ. ಅಲ್ಲವೇನ್ರೋ?"

"ಹೌದು ಸಾರ್," ಎಂದರು ಇಬ್ಬರೂ ಒಟ್ಟಿಗೆ, ಒಂದೇ ದನಿಯಲ್ಲಿ.

ಹೊರಗೆ ಬಂದ ಮೇಲೆ ಇನ್‌ಸ್ಪೆಕ್ಟ್ರಮ್ಮ ನನ್ನ ಮುಖವನ್ನೇ ದಿಟ್ಟಿಸಿದರು. "ಆ ಕನ್ನಡಕ ರಿಪೇರಿ ಮಾಡಿದ್ರೆ ನಿನ್ನ ಕೈ ಮುರೀತೀನಿ," ಎಂದರು.

ನಾಳೆ ಬೆಳಿಗ್ಗೆ ಅಂಗಡಿಯಲ್ಲಿ ನನ್ನ ಗತಿ ಏನು ಎಂಬುದಷ್ಟೇ ನನಗೆ ಹೊಳೆಯಿತು. ಮರುದಿನ ಯಜಮಾನರು ಗಿರಾಕಿಗಳ ಮುಂದೆಯೇ, "ದೀಪದ ಬುಡ ಕತ್ತಲೆ ಅನ್ನೋದು ನಿನ್ನ ನೋಡಿಯೇ ಇರಬೇಕು ಕಣಯ್ಯಾ," ಎಂದರು. ಅದನ್ನೂ ಸಹಿಸಿಕೊಂಡೆ.

ಸ್ಥಳ ಪರಿಶೀಲನೆ ಎಂಬ ನೆಪದಲ್ಲಿ ನ್ಯಾಯಾಧೀಶರು ಎಲ್ಲರನ್ನೂ ಆ ಕಟ್ಟಡಕ್ಕೇ ಕರೆಸಿದರು. ಮೆಟ್ಟಿಲ ಬುಡದ ಇಕ್ಕಟ್ಟಿನಲ್ಲಿ ಅಜ್ಜಿ ಕಪ್ಪು ಕನ್ನಡಕ ಹಾಕಿ ಅದೇ ಕುರ್ಚಿಯಲ್ಲಿ ಕೂತಿದ್ದರು. ದುಭಾಷಿಯ ಹೆಂಡತಿ ಗೋಡೆಗೆ ಒರಗದೆ ನಿಂತಿದ್ದರು. ಠಾಣಾಧಿಕಾರಿ ಗಡಿಯಾರ ನೋಡಿಕೊಳ್ಳುತ್ತಿದ್ದ. ದಳದ ಮೂವರೂ ಸಾಲಾಗಿ ನಿಂತಿದ್ದರು. ಹೊರಗೆ ಬೀದಿಯಲ್ಲಿ ಜನ ಸೇರಿ ದಳಕ್ಕೆ ಜೈಕಾರ ಹಾಕುತ್ತಿದ್ದರು.

"ಮೊದಲು ಅಜ್ಜಿಯ ಮೆಟ್ಟಿಲು," ಎಂದರು ಇನ್‌ಸ್ಪೆಕ್ಟ್ರಮ್ಮ. "ಹಗ್ಗ, ಮೇಲೆ ಹೋಗಿ ಒಬ್ಬನೇ ಇಳಿದು ಬಾಪ್ಪ."

ಅವನು ಇಳಿದ. ಮೆಟ್ಟಿಲು ಸುಮ್ಮನಿತ್ತು.

"ಈಗ ಇವನನ್ನ ಹೊತ್ಕೊಂಡು ಇಳಿ."

ಇವನು ಅಂದರೆ ನಾನು. ಬೇಡ ಅನ್ನುವಷ್ಟರಲ್ಲಿ ಅಕ್ಕಿ ಮೂಟೆಯಂತೆ ಅವನ ಹೆಗಲ ಮೇಲಿದ್ದೆ. ತಿರುವಿನಲ್ಲಿ ಮೆಟ್ಟಿಲು ಕಿರ್ರ್ ಎಂದಿತು.

"ಅದೇ!" ಅಜ್ಜಿ ಕುರ್ಚಿಯ ತೋಳು ತಟ್ಟಿದರು. "ಠಾಣೇದಾರ್ರೇ, ಈಗ ನಗಿ!"

"ಮೂವರೂ ಹೋದ ಮೇಲೆ ಒಬ್ಬ ಮೆತ್ತಗಿನ ಅಡಿಯ ಷೂ ಹಾಕಿ ವಾಪಸು ಬಂದ," ಇನ್‌ಸ್ಪೆಕ್ಟ್ರಮ್ಮ ಮುಂದುವರಿಸಿದರು. "ಅಜ್ಜಿಯ ಕಣ್ಣಿಗೆ ಪಟ್ಟಿ ಇರೋದನ್ನ ಮಧ್ಯಾಹ್ನವೇ ನೋಡಿದ್ದ. ಮೇಲೆ ಹೋಗಿ ದುಭಾಷಿಯ ಕತ್ತು ಹಿಸುಕಿದ. ನೇಣು ಹಾಕೋಕೆ ಅಲ್ಲಿ ಕೊಕ್ಕೆ ಇಲ್ಲ. ಹೊತ್ತು ಕೆಳಗೆ ತರಬೇಕು. ಆದರೆ ಹೆಣದ ಸೊಂಟದಲ್ಲಿ ಕೀಲಿಗೊಂಚಲು. ಒಂದು ಹೆಜ್ಜೆಗೆ ಒಂದು ಝಣ್. ಬೇರೆ ಯಾವ ಕೊಲೆಗಾರನಾದ್ರೂ ಅದನ್ನ ಕಿತ್ತು ಮುಷ್ಟಿಯಲ್ಲಿ ಹಿಡ್ಕೊಂಡಿರೋನು. ಇವನಿಗೆ ಯೋಚಿಸೋ ಅಗತ್ಯವೇ ಬೀಳಲಿಲ್ಲ. ಸದ್ದಾಗೋದಕ್ಕೆ ಟೇಪು, ಟೇಪಿನ ತುದಿಗೆ ಮಡಿಕೆ. ಉಸಿರಾಡಿದ ಹಾಗೆ ಮಾಡಿ ಮುಗಿಸಿದ. ಉಸಿರಾಡಿದ್ದು ಯಾರಿಗೆ ನೆನಪಿರುತ್ತೆ? ಸಾಮಾನು ಕೋಣೆಯ ಕೀಲಿಯೊಂದನ್ನೇ ಟೇಪಿನಿಂದ ಹೊರಗೆ ಎಳೆದು ಬಾಗಿಲು ತೆಗೆದ. ಉಳಿದದ್ದನ್ನ ಹಾಗೇ ಮರೆತ."

"ಆ ಟೇಪು ದಾಳಿಗೆ ಹೋದಾಗ ಸುತ್ತಿದ್ದಿರಬಹುದು," ಎಂದ ಕ್ಯಾಪ್ಟನ್ ಶಾಂತವಾಗಿ.

"ಸತ್ತ ದಿನ ಬೆಳಿಗ್ಗೆ ಗೊಂಚಲು ಝಣಝಣ ಅಂದದ್ದನ್ನ ಅಜ್ಜಿ ಕೇಳಿದ್ದಾರೆ. ಟೇಪು ಬಂದದ್ದು ಆಮೇಲೆ."

ಎಲ್ಲರ ಕಣ್ಣೂ ಹಗ್ಗನ ಕಡೆ ತಿರುಗಿತು. ಗಂಟು ಅವನದ್ದು ತಾನೇ. ನಾನೂ ಅವನನ್ನೇ ನೋಡಿದೆ, ಸ್ವಲ್ಪ ಹಿಂದೆಯೂ ಸರಿದೆ.

"ಗಂಟು ಇವನಿಂದ ಕಲಿತದ್ದು, ನಿಜ. ದಳದವರೆಲ್ಲ ಕಲಿತಿದ್ದಾರೆ. ಕೊಲೆಗಾರ ಗಂಟನ್ನ ಯೋಚಿಸಿ ಹಾಕಿದ, ಮಡಿಕೆಯನ್ನ ಯೋಚಿಸದೆ ಹಾಕಿದ. ಯೋಚಿಸದ್ದೇ ಸತ್ಯ." ಇನ್‌ಸ್ಪೆಕ್ಟ್ರಮ್ಮ ನನ್ನ ಕಡೆ ಕೈ ಚಾಚಿದರು. "ಕನ್ನಡಕ ತೆಗಿ."

ತೆಗೆದು ಕೊಟ್ಟೆ. ಅವರು ಅದನ್ನು ಕೀಲಿಗೊಂಚಲಿನ ಪಕ್ಕದಲ್ಲಿ, ನ್ಯಾಯಾಧೀಶರ ಮುಂದಿನ ಸ್ಟೂಲಿನ ಮೇಲೆ ಇಟ್ಟರು. ನನಗೆ ಎರಡೂ ಮಸುಕು. ನ್ಯಾಯಾಧೀಶರು ಬಗ್ಗಿ ನೋಡಿ ಮೆಲ್ಲಗೆ ಅಂದದ್ದು ಮಾತ್ರ ಕೇಳಿಸಿತು: "ಎರಡಕ್ಕೂ ಒಂದೇ ಕಿವಿ. ತ್ರಿಕೋನ."

"ಹಗ್ಗನದ್ದು ನೇರ, ಸೂಜಿಯದ್ದು ಸುರುಳಿ. ಈ ಕನ್ನಡಕಕ್ಕೆ ಟೇಪು ಸುತ್ತಿದ್ದು ಕ್ಯಾಪ್ಟನ್. ಮಡಿಕೆ ಸಾಲದು ಅಂತೀರಾ? ಕೈಗವಸು ಹಾಕ್ಕೊಂಡು ಅಂಟು ಟೇಪನ್ನ ಇಷ್ಟು ಸಣ್ಣಗೆ ಮಡಚೋಕೆ ಆಗಲ್ಲ. ಒಳಗಿನ ಅಂಟಿನಲ್ಲಿ ಬೆರಳ ಗುರುತು ಇರಬೇಕು. ನಾನು ಬಿಚ್ಚಿಲ್ಲ. ನಿಮ್ಮೆದುರೇ ಬಿಚ್ಚಲಿ ಅಂತ ಇಟ್ಟಿದ್ದೀನಿ."

ಕ್ಯಾಪ್ಟನ್ ನಕ್ಕ. "ಸಂಜೆವರೆಗೂ ಶಿಬಿರದಲ್ಲಿದ್ದೆ. ಇವರಿಬ್ಬರೂ ಸಾಕ್ಷಿ. ನಾವು ನಮ್ಮವರನ್ನ ಬಿಟ್ಟುಕೊಡಲ್ಲ ಮೇಡಂ. ಅದು ನಮ್ಮ ಪ್ರತಿಜ್ಞೆ."

ಇನ್‌ಸ್ಪೆಕ್ಟ್ರಮ್ಮ ಹಗ್ಗನ ಎದುರು ಹೋಗಿ ನಿಂತರು. "ತಮ್ಮಾ, ಅಷ್ಟು ಬಗೆಯ ಗಂಟಿನಲ್ಲಿ ನಿನ್ನದೇ ಗಂಟು ಯಾಕೆ ಹಾಕಿದ ಅಂತ ಯೋಚಿಸಿದ್ಯಾ? ಆತ್ಮಹತ್ಯೆ ಅನ್ನೋದು ನಿಲ್ಲದೆ ಹೋದ್ರೆ, ನೇಣಿಗೆ ಇನ್ನೊಂದು ಕತ್ತು ರೆಡಿ ಇರಲಿ ಅಂತ."

ಹಗ್ಗ ಕ್ಯಾಪ್ಟನ್ನನ ಕಡೆ ತಿರುಗಿದ. ಕ್ಯಾಪ್ಟನ್ ಮುಂದಕ್ಕೇ ನೋಡುತ್ತಿದ್ದ.

ಆಗ ದುಭಾಷಿಯ ಹೆಂಡತಿ ಮಾತಾಡಿದರು. ಗಂಡ ಎಷ್ಟು ಸಲ ಹೇಳಿದ್ದರೋ, ಅವರಿಗೆ ಬಾಯಿಪಾಠವಾಗಿತ್ತು. "'ನನ್ನ ತಮ್ಮನಿಗೆ ಕಿವಿ ಕೇಳಿಸಲ್ಲ. ಅವರು ಕೂಗಿದ್ರೆ ಅವನಿಗೆ ಗೊತ್ತಾಗಲ್ಲ. ಅವನು ಎದುರು ನಿಂತದ್ದಲ್ಲ ಅಂತ ಅವರಿಗೆ ಹೇಳಿ.' ನೀವು ಕೈ ಕಟ್ಟಿದ್ದ ಮೂವರಲ್ಲಿ ಒಬ್ಬ, ಆ ಕಿವುಡನ ಅಣ್ಣ, ಹೀಗೆ ಅಂದನಂತೆ. ನನ್ನ ಗಂಡ ನಿಮಗೆ ಅದನ್ನ ಹೇಳಿದ್ರಾ, ಇಲ್ವಾ? ಅಷ್ಟು ಹೇಳಿಬಿಡಪ್ಪ. ಅವರು ತಮ್ಮ ಕೆಲಸ ಮಾಡಿದ್ರಾ, ಇಲ್ವಾ?"

ಹೊರಗಿನ ಜೈಕಾರ ಒಳಗೆಲ್ಲ ತುಂಬಿಕೊಂಡಿತು.

"ಹೇಳಿದ್ರು," ಎಂದ ಹಗ್ಗ. "ಎರಡು ಸಲ ಹೇಳಿದ್ರು. ನಮಗೆ ಕೇಳಿಸ್ತು. ಆ ಮೂವರಿಗೂ ಕೈ ಕಟ್ಟಿತ್ತು. ಕಟ್ಟಿದ್ದು ನಾನೇ. ಗುಂಡು ಹಾರಿಸು ಅಂದದ್ದು ಕ್ಯಾಪ್ಟನ್." ಕ್ಯಾಪ್ಟನ್ನನ ಕಡೆ ಬೆರಳು ತೋರಿದ. "ದುಭಾಷಿ ಸತ್ತ ದಿನ ನಾವು ವಾಪಸು ಬಂದ ಮೇಲೆ ಇವರು ಶಿಬಿರದಲ್ಲಿ ಇರಲಿಲ್ಲ. ಇದ್ರು ಅಂತ ಹೇಳೋಕೆ ಹೇಳಿದ್ರು."

"ಬಾಯಿ ಮುಚ್ಚೋ!" ಕ್ಯಾಪ್ಟನ್ನನ ಮೃದುತನ ಮೊದಲ ಸಲ ಹರಿಯಿತು.

"ಇನ್ನು ಮುಚ್ಚಲ್ಲ ಸಾರ್."

ಸೂಜಿ ತಲೆ ತಗ್ಗಿಸಿ, "ಹೌದು, ಇರಲಿಲ್ಲ," ಎಂದಷ್ಟೇ ಅಂದ. ನ್ಯಾಯಾಧೀಶರು ಟೇಪು ಬಿಚ್ಚಲು ತಜ್ಞರನ್ನು ಕರೆಸಲು ಹೇಳಿ, ಠಾಣಾಧಿಕಾರಿಯ ಕಡೆ ನೋಡಿದರು. ಅವನು ಗಡಿಯಾರ ನೋಡುವುದನ್ನು ಮರೆತಿದ್ದ. ಒಮ್ಮೆ ಹೊರಗಿನ ಜೈಕಾರದ ಕಡೆ ತಿರುಗಿ ನೋಡಿದ. ಆದರೂ ಕ್ಯಾಪ್ಟನ್ನನ ತೋಳು ಹಿಡಿದ.

"ವಿಚಾರಣೆ ಮುಗಿಯೋದಿಲ್ಲ," ಎಂದರು ನ್ಯಾಯಾಧೀಶರು ಆ ಹೆಂಗಸಿಗೆ. "ನಾಳೆ ಮೊದಲ ಸಾಕ್ಷಿ ನಿಮ್ಮದು."

ನಾವು ಹೊರಗೆ ಬಂದೆವು. ಸುದ್ದಿ ನಮಗಿಂತ ಮುಂಚೆ ಬೀದಿಗೆ ಇಳಿದಿತ್ತು. ಜೈಕಾರ ಬೈಗುಳವಾಗಿತ್ತು. ದೇಶದ್ರೋಹಿಗಳು ಎಂದು ಯಾರೋ ಕಿರುಚಿದರು. ನನ್ನ ಕನ್ನಡಕ ಒಳಗೆ ಸ್ಟೂಲಿನ ಮೇಲೆ, ಸಾಕ್ಷಿಯಾಗಿ ಉಳಿದಿತ್ತು. ನನ್ನ ಪಾಲಿಗೆ ಯಾರಿಗೂ ಮುಖವಿರಲಿಲ್ಲ, ಬರೀ ಬಣ್ಣದ ಗುಡ್ಡೆಗಳು.

"ನನಗೆ ಏನೂ ಕಾಣ್ತಿಲ್ಲ ಮೇಡಂ," ಎಂದೆ.

"ಒಳ್ಳೇದೇ ಆಯ್ತು. ಹೆದರೋಕೆ ಏನಾದ್ರೂ ಕಾಣಬೇಕಲ್ಲ. ನನ್ನ ತೋಳು ಹಿಡ್ಕೊ."

ಹಿಡಿದೆ. ಇನ್ನೊಂದು ತೋಳನ್ನು ದುಭಾಷಿಯ ಹೆಂಡತಿ ಹಿಡಿದಿದ್ದರು. ಹಿಂದಿನಿಂದ ಅಜ್ಜಿ, "ಪಕ್ಕಕ್ಕೆ ಸರೀರೋ, ಕಣ್ಣು ಕಾಣದವರು ಬರ್ತಿದ್ದಾರೆ!" ಎಂದು ಗದರಿದರು. ಗುಡ್ಡೆಗಳು ಸರಿದವು. ನಾವು ಹಿಂದಿನ ಗಲ್ಲಿಗೆ ತಿರುಗಲಿಲ್ಲ. ಬೀದಿಯ ನಟ್ಟನಡುವೆಯೇ, ಹೆಜ್ಜೆಯ ಸದ್ದು ಎಲ್ಲರಿಗೂ ಕೇಳುವಂತೆ, ನಡೆದುಕೊಂಡು ಹೋದೆವು.