ಹಾಡಿನ ಫೋಲ್ಡರಿನಲ್ಲಿ ನಲವತ್ತು ಯಶೋದೆಯರು

ಮಾಲತೇಶನ ಮಾನ ಹೋದದ್ದು ತೊಂಬತ್ತೊಂಬತ್ತರ ಒಂದು ಮಂಗಳವಾರ ಮಧ್ಯಾಹ್ನ, ಇಪ್ಪತ್ತು ಜನರ ಎದುರಿಗೆ.

ದಾವಣಗೆರೆಯ ಮಂಡಿಪೇಟೆಯಲ್ಲಿ, ಕಾಳಿನ ಅಂಗಡಿಯೊಂದರ ಮಹಡಿಯ ಮೇಲೆ ಅವನು ಕಂಪ್ಯೂಟರ್ ಕಲಿಸುತ್ತಿದ್ದ. ಡಿಗ್ರಿ ಮುಗಿಸಿದ ಯಶೋದಾ ಹರಿಹರದಿಂದ ಬಸ್ಸಿನಲ್ಲಿ ಬಂದು ಎರಡನೇ ಸಾಲಿನಲ್ಲಿ ಕೂರುತ್ತಿದ್ದಳು. ಟೈಪಿಂಗ್ ತಪ್ಪಿದರೆ ನಾಲಿಗೆ ಕಚ್ಚಿಕೊಂಡು ಓರೆಗಣ್ಣಿನಲ್ಲಿ ಇವನತ್ತ ನೋಡುತ್ತಿದ್ದಳು. ಅಷ್ಟಕ್ಕೇ ಇವನು ಎರಡು ತಿಂಗಳಿಂದ ಕರಗಿ ನೀರಾಗಿದ್ದ. ಬಾಯಿ ಬಿಟ್ಟು ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಪರೀಕ್ಷೆಯ ಹಾಲ್ ಟಿಕೆಟ್ಟಿಗೆಂದು ಅರ್ಜಿಯ ಜೊತೆ ಅವಳು ಕೊಟ್ಟ ಫೋಟೋ ಸ್ಕ್ಯಾನ್ ಮಾಡಿದವನು ಇವನೇ. ಹೊಸ ವಿಂಡೋಸ್‌ನಲ್ಲಿ ಫೋಲ್ಡರಿನ ಹಿಂದೆ ಬೇಕಾದ ಚಿತ್ರ ಕೂರಿಸಬಹುದಿತ್ತು. ತನ್ನ ಹಾಡುಗಳ ಫೋಲ್ಡರಿಗೆ ಅವಳನ್ನೇ ಕೂರಿಸಿಬಿಟ್ಟ. ಚಿತ್ರ ಚಿಕ್ಕದು, ಜಾಗ ದೊಡ್ಡದು. ಒಂದೇ ಮುಖ ನಲವತ್ತು ಸಲ ಸಾಲುಸಾಲಾಗಿ ಹರಡಿತು. ಹಣೆಗೊಂದು ಹಾಡಿನ ಹೆಸರು! ಅದೂ ಚೆಂದವೇ ಕಂಡಿತು ಪುಣ್ಯಾತ್ಮನಿಗೆ. ತೆಗೆಯದೆ ಹಾಗೇ ಬಿಟ್ಟ.

ಆ ಮಂಗಳವಾರ ಊಟದ ಬಿಡುವಿನಲ್ಲಿ ಯಶೋದಾಳ ಗೆಳತಿ ಶಹರ್ಬಾನು ಹಾಡು ಹಾಕಲೆಂದು ಅವನ ಕಂಪ್ಯೂಟರಿನಲ್ಲಿ ಆ ಫೋಲ್ಡರನ್ನೇ ತೆರೆದಳು.

"ಅಯ್ಯಯ್ಯೋ ಯಶೋದಾ! ಎಲ್ಲಿ ನೋಡಿದ್ರೂ ನೀನೇ ಅದೀಯಲ್ಲೇ! ಸರ್‌ಗೆ ಯಾವಾಗ ಫೋಟೋ ಕೊಟ್ಟೆ?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ಯಶೋದಾ ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು. "ಅವಳು ಕೊಟ್ಟಿಲ್ಲ" ಎಂದು ಒಂದು ಮಾತು ಹೇಳಬಹುದಿತ್ತು. ಮಾಲತೇಶ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಮೂರು ದಿನ ಅವಳು ಕ್ಲಾಸಿಗೆ ಬರಲಿಲ್ಲ. ಕೇಳದೆ ತೆಗೆದುಕೊಂಡದ್ದಲ್ಲದೆ ಬಾಯಿಯನ್ನೂ ಮುಚ್ಚಿಕೊಂಡೆನಲ್ಲ ಎಂದು ನಾಚಿಕೆಯಿಂದ ಹಿಡಿಯಷ್ಟಾಗಿದ್ದ.

ನಾಲ್ಕನೇ ದಿನ ಅವಳು ಬಂದು ಬಾಗಿಲಲ್ಲೇ ನಿಂತಳು.

"ನನ್ನ ಅರ್ಜಿ, ಫೋಟೋ ವಾಪಸ್ ಕೊಡ್ರಿ ಸರ್. ನಾನು ಪರೀಕ್ಷೆ ಬರಿಯಲ್ಲ."

ಅವನು ಹತ್ತಿರ ಹೋಗಿ ಮೆಲ್ಲಗೆ, "ತಪ್ಪಾತ್ರಿ" ಎಂದ.

"ಎಲ್ಲರ ಮುಂದೆ ನನ್ನ ಮರ್ಯಾದಿ ಹೋತು. ನೀವು ಮೂಲ್ಯಾಗೆ ಪಿಸುಗುಟ್ಟಿದ್ರೆ ಮುಗೀತಾ?"

ಮಾಲತೇಶ ಕ್ಲಾಸಿನ ಕಡೆ ತಿರುಗಿದ. ಕಿವಿ ಸುಡುತ್ತಿತ್ತು.

"ಎಲ್ರೂ ಕೇಳ್ರಿ. ಆ ಫೋಟೋ ಹಾಕಿದ್ದು ನಾನು. ಅವ್ರಿಗೆ ಗೊತ್ತೇ ಇರ್ಲಿಲ್ಲ. ತಪ್ಪು ಪೂರ್ತಿ ನಂದೇ ಐತೆ."

ಯಾರೂ ನಗಲಿಲ್ಲ. ಯಶೋದಾ ಒಳಗೆ ಬಂದು ಅವನ ಕಂಪ್ಯೂಟರಿನ ಮುಂದೆ ಕೂತಳು.

"ತೆಗೆಯೋದು ಹೆಂಗೆ ಹೇಳ್ರಿ. ನಾನೇ ತೆಗಿತೀನಿ."

ಅವನು ಹೇಳಿದ, ಅವಳು ಮೌಸ್ ಒತ್ತಿದಳು. ನಲವತ್ತು ಮುಖಗಳೂ ಹೋಗಿ ಬರೀ ಹಾಡುಗಳು ಉಳಿದವು. ಅವಳು ಎದ್ದು ಎರಡನೇ ಸಾಲಿಗೆ ಹೋದಳು. ಅರ್ಜಿ ಮತ್ತೆ ಕೇಳಲಿಲ್ಲ.

ಪರೀಕ್ಷೆ ಮುಗಿದ ದಿನ, ಎಲ್ಲರೂ ಹೋದ ಮೇಲೆ, ಅವನ ಮೇಜಿನ ಮೇಲೆ ಒಂದು ಫ್ಲಾಪಿ ಇಟ್ಟಳು.

"ಏನ್ರಿ ಇದು?"

"ನನ್ನ ಫೋಟೋ. ನಾನೇ ಸ್ಕ್ಯಾನ್ ಮಾಡೀನಿ. ದೊಡ್ಡದೈತೆ, ಒಂದೇ ಸಲ ಬರ್ತೈತೆ. ಅವತ್ತಿಂದು ನೆಗಡಿ ಆದಾಗ ತೆಗೆಸಿದ್ದು. ಮೂಗು ಹೆಂಗೆ ಊದಿತ್ತು, ನೋಡ್ಲಿಲ್ವಾ?"

ಅವನು ಕೈ ಚಾಚಿದ. ಅವಳು ಫ್ಲಾಪಿಯನ್ನು ಅಂಗೈಯಿಂದ ಮುಚ್ಚಿದಳು. ತುಟಿ ಬಿಗಿಹಿಡಿದಿದ್ದರೂ ಕಣ್ಣು ನಗುತ್ತಿತ್ತು.

"ಮೊದ್ಲು ಕೇಳ್ರಿ."

ಅವನ ಮುಖ ಮತ್ತೆ ಕೆಂಪಾಯಿತು.

"ಇಟ್ಕೊಳ್ಲಾ ಯಶೋದಾ? ನೀವಂದ್ರೆ ನಂಗೆ... ಭಾಳ ಇಷ್ಟ ರೀ."

ಅವಳು ಕೈ ತೆಗೆದಳು.

"ಎರಡು ತಿಂಗಳ ಹಿಂದೇನೇ ಇದನ್ನ ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"