ಮುಂದಿನ ಸೀಟು

ಚಂದಗುಳಿಯ ಗಣಪನ ಎದುರು ನಿಂತು ಗಗನಾ ಕೇಳಿಕೊಂಡದ್ದು ತೀರ ಚಿಕ್ಕ ಸಂಗತಿ. ‘ವ್ಯಾನಿನಲ್ಲಿ ವಾಂತಿ ಬಾರದಿರಲಿ. ಬೇರೆ ಎಲ್ಲಿ ಬಂದರೂ ಸರಿ, ಅವನ ಎದುರು ಬೇಡ. ಒಂದು ಗಂಟೆ ಕಟ್ಟುತ್ತೇನೆ.’

ತಲೆಯ ಮೇಲೆ, ಕಂಬದಲ್ಲಿ, ಸರಳುಗಳಲ್ಲಿ, ಎಲ್ಲಿ ನೋಡಿದರೂ ಹರಕೆ ತೀರಿದವರು ಕಟ್ಟಿಹೋದ ಗಂಟೆಗಳು. ಇಷ್ಟು ಜನರದ್ದನ್ನು ನಡೆಸಿಕೊಟ್ಟವನಿಗೆ ತನ್ನದೇನು ಭಾರ ಎಂದು ಅವಳಿಗೆ ಧೈರ್ಯ ಬಂತು. ಕಣ್ಣು ಬಿಟ್ಟರೆ ಪಕ್ಕದಲ್ಲಿ ಸುಮಂತ ಇನ್ನೂ ಕಣ್ಣುಮುಚ್ಚಿ ನಿಂತಿದ್ದ. ಪ್ರೆಸ್ಸಿಗೆ ಹೊಸ ಮಶಿನ್ ಬೇಡುತ್ತಿರಬೇಕು ಅಂದುಕೊಂಡಳು.

ಗಣಪನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ನಕ್ಕನೋ. ಅರಬೈಲ್ ಘಟ್ಟದ ಅರ್ಧ ಇಳಿಯುವಷ್ಟರಲ್ಲಿ ಬೆಳಗಿನ ತೆಳ್ಳೇವು ದೋಸೆ ಗಂಟಲಿಗೆ ಬಂತು. “ನಿಲ್ಸಿ, ನಿಲ್ಸಿ!” ಎಂದು ಅವಳು ಕೂಗಿದ್ದೂ, ವ್ಯಾನಿನ ಬಾಗಿಲು ಸರಿದದ್ದೂ, ರಸ್ತೆಯ ಬದಿಗೆ ಬಾಗಿದ್ದೂ ಒಟ್ಟಿಗೇ ಆಯಿತು. ಹಿಂದಿನಿಂದ ಬಂದ ಅದಿರಿನ ಲಾರಿಯೊಂದು ಹಾರ್ನ್ ಹೊಡೆದು ಹೋಯಿತು. ತಲೆ ಎತ್ತಿದಾಗ ಎದುರಿಗೆ ನೀರಿನ ಬಾಟಲಿ ಹಿಡಿದ ಕೈ. ಯಾರ ಕೈ ಎಂದು ನೋಡಬೇಕಾಗಿರಲಿಲ್ಲ. ಉಗುರಿನ ಸಂದಿಯಲ್ಲಿ ಪ್ರೆಸ್ಸಿನ ಮಸಿ ಇತ್ತು.

“ಬಾಯಿ ಮುಕ್ಕಳಿಸಿ. ಎಂತ ಆಗೋದಿಲ್ಲ, ಈ ಘಟ್ಟದಲ್ಲಿ ಎಲ್ಲರಿಗೂ ಹೀಗೇ,” ಅಂದ ಸುಮಂತ.

“ನಿಮಗೂ ಆಗಿದ್ಯಾ?”

“ಇಲ್ಲ. ಆದ್ರೆ ನಿಮ್ಮ ಸಮಾಧಾನಕ್ಕೆ ಹೌದು ಅನ್ನಬಹುದು.”

ಹಿಂದಿನ ಸೀಟಿನಿಂದ ದೇವಕಿ ಅಮ್ಮಮ್ಮನ ತೀರ್ಪು ಬಂತು. “ಕೂಸಿನ ಮುಂದೆ ಕೂರ್ಸು ವಿಘ್ನೇಶ್ವರ. ಹಿಂದೆ ಕುಂತ್ರೆ ರಾಮೇಶ್ವರದ ತಂಕ ಇದೇ ಕಥೆ.”

ಅಳಿಯ, ಗಗನಾಳ ಅಪ್ಪಯ್ಯ ವಿಘ್ನೇಶ್ವರ ಮಾಸ್ತರರಿಗೆ ಮುಂದಿನ ಸೀಟು ಬಿಡುವ ಮನಸ್ಸಿರಲಿಲ್ಲ. ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವುದು ಅವರ ಪ್ರವಾಸದ ಅರ್ಧ ಸುಖ. ಆದರೂ ಅತ್ತೆಯ ಮಾತು. ಇಳಿದು ಹಿಂದೆ ಹೋಗಿ, ಹೆಂಡತಿಗೂ, ಅಂದರೆ ಗಗನಾಳ ಆಯಿಗೂ, ಅತ್ತೆಗೂ ನಡುವೆ ಚಕ್ಕುಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಹೀಗೆ ಗಗನಾ ಮುಂದಿನ ಸೀಟಿಗೆ ಬಂದಳು.

2006ರ ಮಾರ್ಚ್ ಅದು. ಅಮ್ಮಮ್ಮನಿಗೆ ರಾಮೇಶ್ವರ ನೋಡುವ ಆಸೆ, ಮಾಸ್ತರರು ಆಗಷ್ಟೇ ರಿಟೈರ್ ಆಗಿದ್ದರು. ಡ್ರೈವಿಂಗ್ ಬಾರದ ಗುರುಗಳಿಗೆ ಹಳೇ ಶಿಷ್ಯ ಸುಮಂತ ತಾನಾಗಿ ಹೇಳಿದ್ದ, “ನನ್ನ ವ್ಯಾನ್ ಉಂಟಲ್ಲ ಸರ್, ನಾನೇ ಬರ್ತೇನೆ.” ವಾನಳ್ಳಿಯ ಹುಡುಗ. ಶಿರಸಿಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡು, ಉಪನಯನದ ಕಾರ್ಡು, ಸಂಘಗಳ ಬಿಲ್ ಪುಸ್ತಕ.

ಗಗನಾಳಿಗೆ ಅವನು ಪರಿಚಯವಾದದ್ದು ಆ ಪ್ರೆಸ್ಸಿನಲ್ಲೇ. ಸಿದ್ದಾಪುರದ ಕಾಲೇಜಿನಲ್ಲಿ ಅವಳು ಕನ್ನಡ ಉಪನ್ಯಾಸಕಿ. ಕಾಲೇಜಿನ ವಾರ್ಷಿಕ ಸಂಚಿಕೆಯ ಪ್ರೂಫ್ ತಿದ್ದಲು ಶಿರಸಿಗೆ ಬಂದವಳು ಎರಡು ವರ್ಷ ಹಾಗೇ ಬಂದು ಹೋಗುತ್ತಿದ್ದಳು. ಮನೆಯಲ್ಲಿ ಇಬ್ಬರದೂ ಒಂದೇ ಹವಿಗನ್ನಡವಾದರೂ ಅಲ್ಲಿ ಮೊದಲ ದಿನ ‘ನೀವು’ ‘ಮೇಡಂ’ ಎಂದು ಶುರುವಾದದ್ದು ಹಾಗೇ ಉಳಿದಿತ್ತು. ಅವಳ ಕೆಂಪು ಪೆನ್ನು ಮರೆತು ಹೋದರೆ ಅವನು ಎತ್ತಿಡುತ್ತಿದ್ದ. ಅವಳು ಬೇಕಂತಲೇ ಮರೆಯುತ್ತಿದ್ದಳು. ಅದರಾಚೆ ಇಬ್ಬರೂ ಒಂದು ಮಾತು ಆಡಿರಲಿಲ್ಲ.

ಈಗ ಆಡುವುದಕ್ಕೆ ಹೆಚ್ಚು ಸಮಯವೂ ಇರಲಿಲ್ಲ. ಬರುವ ದಾರಿಯಲ್ಲಿ ಮೈಸೂರು. ಅಲ್ಲಿ ಬ್ಯಾಂಕಿನಲ್ಲಿರುವ ಹುಡುಗ, ಕೂಡಿಬಂದ ಜಾತಕ, ಒಳ್ಳೆಯ ಮನೆತನ. ಹಾದುಹೋಗುವಾಗ ಮಧ್ಯಾಹ್ನದ ಊಟಕ್ಕೆ ಅವರಲ್ಲಿಗೇ ಹೋಗುವುದು, ಹುಡುಗ ಹುಡುಗಿ ನೋಡಿಕೊಳ್ಳುವುದು, ಒಪ್ಪಿಗೆಯಾದರೆ ಅಲ್ಲೇ ಮಾತು ಮುಗಿಸುವುದು. ಗಗನಾ ಹೂಂ ಅಂದಿರಲಿಲ್ಲ, ಉಹೂಂ ಎನ್ನಲು ಕಾರಣವೂ ತೋಚಿರಲಿಲ್ಲ. ಒಬ್ಬ ಏನೂ ಹೇಳದೇ ಇರುವುದನ್ನು ಕಾರಣ ಎಂದು ಅಪ್ಪಯ್ಯನ ಎದುರು ಇಡುವುದು ಹೇಗೆ?

ಅಂಕೋಲೆಯಿಂದ ಆಚೆ ರಸ್ತೆ ನೆಟ್ಟಗಾಯಿತು. ಹೊಟ್ಟೆಯೂ ನೆಟ್ಟಗಾಯಿತು. ಉಡುಪಿಯ ಹೊತ್ತಿಗೆ ಅವಳಿಗೆ ಮಸಾಲೆ ದೋಸೆ ತಿನ್ನುವಷ್ಟು ಹಸಿವು.

“ಈಗ ಹ್ಯಾಂಗಿದ್ದೇ?” ಆಯಿ ಕೇಳಿದಳು. “ಹಿಂದೆ ಬತ್ಯ? ಅಪ್ಪಯ್ಯ ಮುಂದೆ ಕೂರ್ಲಿ.”

“ಇನ್ನೂ ಸ್ವಲ್ಪ ತೊಳಸ್ದಾಂಗೆ ಆಗ್ತು ಆಯಿ,” ಅಂದಳು ಗಗನಾ. ಅದು ಅವಳ ಮೊದಲ ಸುಳ್ಳು. ಅಮ್ಮಮ್ಮ ಕೊಟ್ಟ ಲಿಂಬೆಹಣ್ಣನ್ನು ಮೂಗಿಗೆ ಹಿಡಿದುಕೊಂಡು ಹೋಗಿ ಮುಂದೆ ಕುಳಿತಳು.

ಆ ಸೀಟು ಸುಖದ್ದೇನಲ್ಲ. ಮಾರುತಿ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಗೇ. ಕೇರಳದ ಬಿಸಿಲಿನಲ್ಲಿ ಅದು ದೋಸೆ ಕಾವಲಿಯ ಹಾಗೆ ಕಾಯುತ್ತಿತ್ತು. ಮಡಚಿದ ಟವೆಲ್ ಹಾಕಿಕೊಂಡು ಕುಳಿತಳೇ ಹೊರತು ಇಳಿಯಲಿಲ್ಲ. ಗೇರ್ ಹಾಕುವಾಗ ಅವನ ಕೈ ಅವಳ ಸೆರಗಿನ ಅಂಚಿನವರೆಗೆ ಬಂದು ವಾಪಸು ಹೋಗುತ್ತಿತ್ತು. ಸೆರಗು ಎಳೆದುಕೊಳ್ಳಬೇಕೆಂದು ಪ್ರತಿಸಲವೂ ಅನ್ನಿಸುತ್ತಿತ್ತು. ಎಳೆದುಕೊಳ್ಳಲಿಲ್ಲ.

ಪಯ್ಯನೂರಿನ ಹತ್ತಿರ ಅವನು ಡ್ಯಾಶ್‌ಬೋರ್ಡಿನಿಂದ ಒಂದು ಹಾಳೆ ತೆಗೆದುಕೊಟ್ಟ. “ಅರ್ಜೆಂಟ್ ಕಾರ್ಡು ಮೇಡಂ. ಒಂದ್ಸಲ ಕಣ್ಣು ಹಾಯಿಸ್ತೀರಾ? ಇಲ್ಲಿಂದ್ಲೇ ಫೋನ್ ಮಾಡಿ ಹೇಳಬೇಕು.”

ಕುಲುಕುವ ವ್ಯಾನಿನಲ್ಲಿ ಅವಳು ಇಡೀ ಹಾಳೆ ಓದಿದಳು. “ಇಲ್ಲಿ ಮುಹೂರ್ತಕ್ಕಿಂತ ಅರ್ಧ ತಾಸು ಮೊದಲೇ ಊಟ ಹಾಕಿದ್ದೀರಿ.”

“ನಮ್ಮ ಕಡೆಯವರು ಅದಕ್ಕೇ ಅಲ್ವಾ ಬರೋದು?”

ಅವಳು ನಕ್ಕಳು. ಅವನು ನಗಲಿಲ್ಲ. ಅವಳ ಕೈಯ ಹಾಳೆಯನ್ನು ಒಮ್ಮೆ, ಮಡಿಲಲ್ಲಿ ಮರೆತು ಬಿದ್ದಿದ್ದ ಲಿಂಬೆಹಣ್ಣನ್ನು ಒಮ್ಮೆ ನೋಡಿ, ಮತ್ತೆ ರಸ್ತೆ ನೋಡತೊಡಗಿದ. ಕಿವಿಯ ತುದಿ ಕೆಂಪಾಗಿತ್ತು. ಬಿಸಿಲಿಗೆ ಇರಬೇಕು.

ಗುರುವಾಯೂರು, ಕನ್ಯಾಕುಮಾರಿ ಮುಗಿಯಿತು. ರಾಮೇಶ್ವರದ ಬಾವಿಗಳ ನೀರು ಹೊಯ್ದುಕೊಂಡು ಅಮ್ಮಮ್ಮ ಚಳಿಗೆ ನಡುಗಿ, ಬಿಸಿಲಿಗೆ ಒಣಗಿದಳು. ಮಧುರೆಯಲ್ಲಿ ಸುಮಂತ ಪಾತ್ರೆ ಅಂಗಡಿಯ ಬೀದಿಗೆ ಹೋಗಿ ಏನನ್ನೋ ಕಾಗದದಲ್ಲಿ ಸುತ್ತಿಸಿಕೊಂಡು ಬಂದ. ಕೇಳಿದರೆ, “ಒಂದು ಬಾಕಿ ಇತ್ತು,” ಅಂದ ಅಷ್ಟೆ.

ಆ ಸಂಜೆ ಕಾಫಿ ಕುಡಿಯುತ್ತ ಮಾಸ್ತರರು ಹೇಳಿದರು, “ಸುಮಂತ, ಮೈಸೂರಿಂದು ಕೂಡಿಬಂದ್ರೆ ಕಾರ್ಡು ನಿನ್ನ ಪ್ರೆಸ್ಸಲ್ಲೇ ಮಾಡ್ಸದು. ಚೊಲೋ ಆಗವು ಮತ್ತೆ.”

ಸುಮಂತ ಲೋಟದಲ್ಲಿ ಉಳಿದ ಕಾಫಿಯನ್ನೇ ನೋಡಿದ. “ಆಗ್ಲಿ ಸರ್. ಪ್ರೂಫ್ ಮಾತ್ರ ಮೇಡಂ ನೋಡಬೇಕು.”

“ನಾನು ನೋಡೋದಿಲ್ಲ,” ಅಂದಳು ಗಗನಾ.

“ಯಾಕೆ?”

“ತಪ್ಪು ಹಾಗೇ ಇರ್ಲಿ.”

ಅವನು ಚಟ್ಟನೆ ತಲೆ ಎತ್ತಿದ. ಅವಳು ಲೋಟ ಇಟ್ಟು ಎದ್ದು ಹೋದಳು. ರೂಮಿಗೆ ಬಂದ ಮೇಲೆ, ಅಷ್ಟು ಹೇಳಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನಿದ್ದೆ ಬರುವವರೆಗೂ ತೂಗಿದಳು.

ಮರುದಿನ ನಸುಕಿಗೆ ಮುಂಚೆಯೇ ಹೊರಟು, ಬೆಳಿಗ್ಗೆ ಸತ್ಯಮಂಗಲ ದಾಟಿ ಬಣ್ಣಾರಿಯ ದೇವಿಗೆ ಕೈಮುಗಿದದ್ದಾಯಿತು. ಮುಂದೆ ದಿಂಬಂ ಘಟ್ಟ, ಆಮೇಲೆ ಚಾಮರಾಜನಗರ, ಮೈಸೂರು. ಆಯಿ ಮಗಳಿಗೆ ಹೊಸ ಸೀರೆ ಉಡಿಸಿ ಕರೆದುಕೊಂಡು ಬಂದಳು.

“ಇನ್ನು ಮುಂದಿನ ಸೀಟು ಬ್ಯಾಡ. ಆ ಕಾವಿಗೆ ಮುಖ ಎಲ್ಲ ಬಾಡ್ತು. ಅವ್ರ ಮನೆಗೆ ಹೋಪಾಗ ಲಕ್ಷಣವಾಗಿ ಕಾಣವು. ಹಿಂದೆ ಅಮ್ಮಮ್ಮನ ಹತ್ರ ಕುತ್ಗ.”

ಸುಮಂತ ಸ್ಟಿಯರಿಂಗ್ ಹಿಡಿದು ಎದುರಿಗೆ ನೋಡುತ್ತಿದ್ದ. ಮಾಸ್ತರರು ಸಂಭ್ರಮದಿಂದ ಮುಂದೆ ಹತ್ತಿ ಕುಳಿತು ಮೊದಲ ಬೋರ್ಡು ಓದಿದರು. ಕಾಡಾನೆಗಳ ಬಗ್ಗೆ ಎಚ್ಚರಿಕೆ.

ಘಟ್ಟ ಶುರುವಾಯಿತು. ಅರಬೈಲ್ ಇದರ ಎದುರು ಆಟದ ಸಾಮಾನು. ಒಂದೊಂದು ತಿರುವಿನಲ್ಲೂ ವ್ಯಾನು ತನ್ನ ಬಾಲವನ್ನೇ ಹಿಡಿಯ ಹೊರಟ ಹಾಗೆ ಸುತ್ತುತ್ತಿತ್ತು. ಆಯಿ ಕಣ್ಣುಮುಚ್ಚಿ ಸ್ತೋತ್ರಕ್ಕೆ ಇಳಿದಳು. ಅಮ್ಮಮ್ಮ ಪ್ಲಾಸ್ಟಿಕ್ ಕೊಟ್ಟೆ ಬಿಡಿಸಿ ಮೊಮ್ಮಗಳ ಗಲ್ಲದ ಕೆಳಗೆ ಹಿಡಿದು ಕುಳಿತೇ ಕುಳಿತಳು. ಕೊಟ್ಟೆ ಖಾಲಿಯೇ ಇತ್ತು. ಗಗನಾ ಕಿಟಕಿಯಾಚೆ ಬಿದಿರ ಮೆಳೆ ನೋಡುತ್ತ, ಏನೂ ಆಗದೆ, ಆರಾಮಾಗಿ ಕುಳಿತಿದ್ದಳು.

“ಅರೆ,” ಅಂದಳು ಅಮ್ಮಮ್ಮ. “ಇಷ್ಟ್ ತಿರುಗಾಸಲ್ಲಿ ಯಂಗೇ ತಲೆ ತಿರುಗ್ತಾ ಇದ್ದು. ನಿಂಗೆಂತೂ ಆಜಿಲ್ಯಲೇ ಕೂಸೆ!”

ಆಯಿಯ ಸ್ತೋತ್ರ ನಿಂತಿತು. ಮಾಸ್ತರರು ಹಿಂತಿರುಗಿ ನೋಡಿದರು.

ಗಗನಾಳ ಮುಷ್ಟಿಯಲ್ಲಿ ಲಿಂಬೆಹಣ್ಣಿತ್ತು. ಈಗ ಅದನ್ನು ಮೂಗಿಗೆ ಹಿಡಿದು ಒಮ್ಮೆ ಓಕರಿಸಿದಂತೆ ಮಾಡಿದರೆ ಸಾಕು. ಸುಳ್ಳು ಉಳಿಯುತ್ತದೆ, ಮರ್ಯಾದೆ ಉಳಿಯುತ್ತದೆ. ಮಧ್ಯಾಹ್ನ ಮೈಸೂರಿನಲ್ಲಿ ಊಟವೂ ಆಗುತ್ತದೆ. ಇಷ್ಟು ವರ್ಷ ಒಂದೊಂದು ಮಾತನ್ನೂ ತಿದ್ದಿ ತೀಡಿ ಆಡಿದವಳಿಗೆ ಈಗ ತಿದ್ದಲು ಒಂದು ತಿರುವಿನಷ್ಟೂ ಹೊತ್ತಿರಲಿಲ್ಲ.

ಕಿಟಕಿಯಿಂದ ಲಿಂಬೆಹಣ್ಣನ್ನು ಕಾಡಿಗೆ ಎಸೆದುಬಿಟ್ಟಳು.

“ಯಂಗೆ ಎಂತೂ ಆಗ್ತಾ ಇಲ್ಲೆ ಅಮ್ಮಮ್ಮ. ಅರಬೈಲ್ ಒಂದು ಬಿಟ್ರೆ ಎಲ್ಲೂ ಎಂತೂ ಆಜಿಲ್ಲೆ.”

“ಮತ್ತೆ ಆ ಕಾದ ಸೀಟಲ್ಲಿ ಎಂತಕ್ಕೆ ಕುಂತ್ಕಂಡಿದ್ಯೇ? ರಾಮೇಶ್ವರದ ತಂಕ?”

ಗಗನಾಳ ಕಣ್ಣು ಸ್ಟಿಯರಿಂಗ್ ಹಿಡಿದವನ ಕಡೆ ಹೋಯಿತು. ಉತ್ತರ ವ್ಯಾನ್ ತುಂಬ ತಾನಾಗಿಯೇ ಹರಡಿಕೊಂಡಿತು. ಗೇರ್ ಬದಲಿಸಲು ಹೋದ ಸುಮಂತ ತಪ್ಪು ಗೇರ್ ಹಾಕಿದ, ವ್ಯಾನು ಗಕ್ಕನೆ ಕೆಮ್ಮಿ ನಿಂತೇ ಹೋಯಿತು.

“ಮೊದ್ಲು ಘಟ್ಟ ಹತ್ಸು ಮಾರಾಯಾ,” ಅಂದರು ಮಾಸ್ತರರು. ಮತ್ತೆ ಒಂದು ಬೋರ್ಡನ್ನೂ ಓದಲಿಲ್ಲ.

ಘಟ್ಟದ ನೆತ್ತಿಯಲ್ಲಿ ಒಂದು ಚಹಾದ ಅಂಗಡಿ. ಎಲ್ಲರೂ ಇಳಿದರು. ಮಾಸ್ತರರು ಬೆನ್ನಹಿಂದೆ ಕೈಕಟ್ಟಿ ಅತ್ತಿಂದಿತ್ತ ನಡೆದರು. ಅವರ ಚಪ್ಪಲಿಯ ಸದ್ದೊಂದೇ ಕೇಳುತ್ತಿತ್ತು. ಕೊನೆಗೆ ಸುಮಂತನ ಎದುರು ಬಂದು ನಿಂತರು, ಮಗ್ಗಿ ಒಪ್ಪಿಸಲು ನಿಲ್ಲಿಸಿದ ಹಾಗೆ.

“ನಿಂಗೆ ಗೊತ್ತಿತ್ತನ?”

“ಪಯ್ಯನೂರಿಂದ ಗೊತ್ತಿತ್ತು ಸರ್. ಹೊಟ್ಟೆ ತೊಳಸೋರು ಓಡೋ ಗಾಡಿಯಲ್ಲಿ ಪ್ರೂಫ್ ಓದಲ್ಲ.”

“ಹೇಳ್ಲಿಲ್ಲೆ ಎಂತಕ್ಕೆ?”

“ಹೇಳಿದ್ರೆ ಅವರು ಹಿಂದೆ ಹೋಗಿ ಕೂರ್ತಿದ್ರು.”

ಅಮ್ಮಮ್ಮ ಸೆರಗು ಬಾಯಿಗೆ ಹಿಡಿದಳು. ನಗುವೋ ಕೆಮ್ಮೋ ಹೇಳುವಂತಿರಲಿಲ್ಲ. ಮಾಸ್ತರರು ತಿರುಗಿ ಮಗಳ ಮುಖ ನೋಡಿದರು. ಅವಳು ಹೆದರಿದ್ದಳು, ಆದರೆ ಕಣ್ಣು ಕೆಳಗೆ ಹಾಕಿರಲಿಲ್ಲ.

“ನಿಂಗಳದ್ದು ಯಾವ ಗೋತ್ರ?” ಕೇಳಿದರು ಮಾಸ್ತರರು.

ಆಯಿ ಚಹಾದ ಲೋಟ ಕೆಳಗಿಟ್ಟಳು. ನಮ್ಮ ಕಡೆ ಯಾವ ಅಪ್ಪನೂ ಸುಮ್ಮಸುಮ್ಮನೆ ಕೇಳುವ ಪ್ರಶ್ನೆಯಲ್ಲ ಅದು.

“ವಿಶ್ವಾಮಿತ್ರ, ಸರ್.”

“ಹೂಂ. ನಂಗಳದ್ದು ವಸಿಷ್ಠ.” ಇನ್ನೊಂದು ಸುತ್ತು ನಡೆದು ಬಂದರು. “ನಿನ್ನ ಮೊಬೈಲ್ ಕೊಡು.”

“ಇಲ್ಲಿ ಸಿಗ್ನಲ್ ಇಲ್ಲ ಸರ್.”

“ಹಂಗಾರೆ ಸಿಗ್ನಲ್ ಇದ್ದಲ್ಲಿಗೆ ನಡೆ.”

ಕರ್ನಾಟಕದ ಗಡಿ ದಾಟಿ ಒಂದು ಹುಣಸೆಮರದ ಕೆಳಗೆ ಸಿಗ್ನಲ್ ಸಿಕ್ಕಿತು. ಮಾಸ್ತರರು ಸುಮಂತನ ಮೊಬೈಲ್ ಹಿಡಿದು ಮರದಾಚೆ ಹೋದರು. ವ್ಯಾನಿನಲ್ಲಿದ್ದವರಿಗೆ ಅವರು ಒಮ್ಮೆ ತಲೆಯಾಡಿಸಿದ್ದು, ಒಮ್ಮೆ ಕೈಮುಗಿದದ್ದು ಮಾತ್ರ ಕಂಡಿತು.

“ಮೈಸೂರಿಗೆ ಹೋಪಲಿಲ್ಲೆ. ನಂಜನಗೂಡಲ್ಲಿ ಊಟ ಮಾಡ್ಕಂಡು ಮನೆಗೆ,” ಅಂದರು ಬಂದು. “ಗಾಡೀಲಿ ಒಬ್ರಿಗೆ ಹುಷಾರಿಲ್ಲೆ, ಬಪ್ಲೆ ಆಗ್ತಿಲ್ಲೆ ಹೇಳಿ ಹೇಳ್ದೆ. ಮುಂದಿಂದು ಮನೆಗೆ ಹೋಗಿ ಸಮಾಧಾನದಲ್ಲಿ ಬರೆದು ತಿಳಿಸ್ತೆ. ಒಳ್ಳೇ ಜನ, ಅವ್ರಿಗೆ ಬೇಜಾರು ಮಾಡ್ಲಾಗ.”

“ಯಾರಿಗೆ ಹುಷಾರಿಲ್ಲೆ ಅಪ್ಪಯ್ಯ?” ಗಗನಾ ಕೇಳಿದಳು.

“ಯಂಗೇ. ಆ ತಿರುಗಾಸಿಗೆ ತಲೆ ತಿರುಗ್ತಾ ಇದ್ದು ಇನ್ನೂ.”

ಹೊರಟಲ್ಲಿಗೇ ಬಂದು ಕಾಯಿ ಒಡೆದರಷ್ಟೇ ಯಾತ್ರೆ ಮುಗಿದಂತೆ ಎಂಬುದು ಅಮ್ಮಮ್ಮನ ಶಾಸ್ತ್ರ. ಮರುದಿನ ಸಾಗರ, ಸಿದ್ದಾಪುರ, ಶಿರಸಿ ದಾಟಿ, ಯಲ್ಲಾಪುರದ ಮನೆಯ ಎದುರೇ ಹಾದು, ಸಂಜೆಗೆ ಚಂದಗುಳಿಗೆ ಬಂದರು. ಹಿರಿಯರು ಒಳಗೆ ಪ್ರದಕ್ಷಿಣೆಗೆ ಹೋದಾಗ ಸುಮಂತ ಮಧುರೆಯ ಕಾಗದದ ಪೊಟ್ಟಣ ಬಿಚ್ಚಿದ. ಅಂಗೈಯಗಲದ ಹಿತ್ತಾಳೆ ಗಂಟೆ.

“ಇದು ಯಾರ ಹರಕೆ?”

“ನಂದು.” ಅವನು ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದು ನಿಂತ. ಮುಂದಿನ ಮಾತಿಗೆ ಮೇಡಂ ಎಲ್ಲೋ ಬಿದ್ದುಹೋಗಿತ್ತು. “ಹೊರಡೋ ದಿನ ಬೇಡ್ಕಂಡಿದ್ದು. ಹ್ಯಾಂಗಾದ್ರೂ ಮಾಡಿ ಈ ಕೂಸನ್ನ ಯನ್ನ ಪಕ್ಕದ ಸೀಟಿಗೆ ಕರ್ಕಂಡು ಬಾ ಹೇಳಿ.”

ಗಗನಾ ಅವನನ್ನೇ ದಿಟ್ಟಿಸಿದಳು. ಅರಬೈಲ್, ಲಾರಿಯ ಹಾರ್ನ್, ನೀರಿನ ಬಾಟಲಿ ಎಲ್ಲ ಒಟ್ಟಿಗೆ ನೆನಪಾಯಿತು.

“ಅದೇ ಹೊತ್ತಿಗೆ ಆನು ಇಲ್ಲೇ ನಿಂತು, ವಾಂತಿ ಬಪ್ಪದು ಬ್ಯಾಡ ಹೇಳಿ ಬೇಡ್ತಾ ಇದ್ದಿದ್ದೆ! ಗಣಪ ನಿನ್ನ ಮಾತು ಕೇಳಿ ಯನ್ನ ವಾಂತಿ ಮಾಡ್ಸಿದ್ನಾ?”

“ಅವಂಗೆ ಬೇರೆ ದಾರಿ ಕಾಣ್ಸಿದ್ದಿಲ್ಲೆ ಕಾಣ್ತು,” ಅಂದ ಸುಮಂತ, ಒಂದು ಹೆಜ್ಜೆ ಹಿಂದೆ ಸರಿದು. “ಸಿಟ್ಟಾ?”

“ಕೊಡು ಇಲ್ಲಿ.” ಅವಳು ಗಂಟೆ ಕಿತ್ತುಕೊಂಡಳು. “ಕಷ್ಟಪಟ್ಟಿದ್ದು ಆನು. ಕಟ್ಟದು ಆನೇ.”

ಸರಳು ಅವಳಿಗೆ ಎಟುಕಲಿಲ್ಲ. ಅವನು ಸರಳನ್ನು ಬಗ್ಗಿಸಿ ಹಿಡಿದ, ಅವಳು ದಾರ ಸುತ್ತಿದಳು. ಗಂಟು ಹಾಕುವಾಗ ಮಸಿಯ ಬೆರಳೊಂದು ಅವಳ ಬೆರಳ ಮೇಲೆ ಬಂದು ಕುಳಿತಿತು. ಈ ಸಲ ಅದು ವಾಪಸು ಹೋಗಲಿಲ್ಲ.

ಹೊರಗೆ ಬಂದರೆ ಮಾಸ್ತರರು ಆಗಲೇ ಮುಂದಿನ ಸೀಟಿನಲ್ಲಿ ಬಾಗಿಲು ಹಾಕಿ ಕುಳಿತಿದ್ದರು. “ಇಲ್ಲಿಂದ ಮನೆಗೆ ಘಟ್ಟ ಎಂತೂ ಇಲ್ಲೆ. ನೀನು ಹಿಂದೆ ಕುತ್ಗ.”

ಗಗನಾ ಹಿಂದೆ ಕುಳಿತಳು. ವ್ಯಾನು ಹೊರಟಿತು. ಸುಮಂತ ಕೈ ಎತ್ತಿ ನಡುವಿನ ಕನ್ನಡಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿದ. ಅದರಲ್ಲಿ ಅವಳ ಕಣ್ಣು ಸಿಕ್ಕಿತು. ಅವಳು ನೋಟ ತೆಗೆಯಲಿಲ್ಲ, ಅವನೂ ತೆಗೆಯಲಿಲ್ಲ.

“ಮಾಣಿ,” ಅಂದಳು ದೇವಕಿ ಅಮ್ಮಮ್ಮ, ಪ್ಲಾಸ್ಟಿಕ್ ಕೊಟ್ಟೆ ಮಡಚಿ ಚೀಲಕ್ಕೆ ಹಾಕುತ್ತ. “ರಸ್ತೆ ಮುಂದೆ ಇದ್ದು.”